ಮಣ್ಣಿನ ಮನುಷ್ಯನಿಗೆ ನಮ್ಮ ಮಾವನ ಬಾಯಿ

ನಮ್ಮ ಸೋದರಮಾವ ಬಾಯಿ ಮುಚ್ಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೀಗೆಂದರೆ ಚಳ್ಳಕೆರೆಯಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ! ಅವರು ನಿದ್ದೆಯಲ್ಲಿ ಮಾತಾಡುತ್ತಿದ್ದರು. ಊಟಕ್ಕೆ ಕೂತರೆ ಮುದ್ದೆಯ ತುತ್ತನ್ನು ದವಡೆಗೆ ಸರಿಸಿ ಮಾತಾಡುತ್ತಿದ್ದರು. ಕ್ಷೌರದ ಕತ್ತಿ ಗಂಟಲ ಮೇಲಿದ್ದಾಗಲೂ ಮಾತಾಡಿ ಗಾಯ ಮಾಡಿಸಿಕೊಂಡು, ಆ ಗಾಯದ ವಿಚಾರವನ್ನು ವಾರಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದರು.

ಇಂಥವರಿಗೆ ದೇವರು ಗಂಟು ಹಾಕಿದ್ದು ಯಾರನ್ನು ಗೊತ್ತೇ? ಹುಟ್ಟಿನಿಂದಲೇ ಮಾತು ಬಾರದ ನಮ್ಮ ಅತ್ತೆಯನ್ನು. ಅತ್ತೆ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯ ಮಗಳು. ಕಿವಿ ಚುರುಕು, ಬುದ್ಧಿ ಅದಕ್ಕಿಂತ ಚುರುಕು. ಹೌದು ಎನ್ನಬೇಕಾದರೆ ಕೈಬಳೆ ಕುಲುಕುವರು, ಅಲ್ಲ ಎನ್ನಬೇಕಾದರೆ ಬಳೆಗಳನ್ನು ಅಂಗೈಯಿಂದ ಒತ್ತಿ ಹಿಡಿದು ಸದ್ದಡಗಿಸುವರು. ಈ ಭಾಷೆ ಪೂರ್ತಿ ಬಲ್ಲವರು ಮಾವ ಒಬ್ಬರೇ ಅಂತೆ. ಹಾಗೆಂದು ಮಾವನೇ ಹೇಳುತ್ತಿದ್ದರು.

ನಮ್ಮ ಮನೆಗೆ ಊಟಕ್ಕೆ ಬಂದರೆ, "ನಿಮ್ಮತ್ತೆ ಏನಂತಾಳೆ ಗೊತ್ತೇನ್ಲೇ? ನಮ್ಮ ಯಜಮಾನ್ರು ಸೊರಗಿ ಹೋಗವ್ರೆ, ಇನ್ನೊಂದು ಮುದ್ದೆ ಹಾಕ್ರಿ ಅಂತಾಳೆ" ಎನ್ನುವರು.

ಅತ್ತೆ ನೋಡಿದರೆ ಬಳೆ ಒತ್ತಿ ಹಿಡಿದು ಕೂತಿರುವರು.

"ಬಳೆ ಹಿಡ್ಕೊಂಡವ್ರಲ್ಲ ಮಾವ. ಬ್ಯಾಡ ಅಂತ ಅಲ್ವಾ?"

"ಅದು ನಾಚಿಕೆ ಕಣಲೇ. ನಿನಗೇನು ಗೊತ್ತಾಗ್ತೈತೆ."

ಮಾತಾಡುವ ಟಾಕಿ ಚಿತ್ರ ಇನ್ನೂ ಬಂದಿರದ ಆ ಕಾಲದಲ್ಲಿ ಮಾವನ ಬಾಯಿಗೆ ತಕ್ಕ ಕೆಲಸವೊಂದು ಇತ್ತು. ಡೇರೆ ಸಿನಿಮಾದ ಪರದೆಯ ಮೇಲೆ ಜನ ಬಾಯಿ ಅಲ್ಲಾಡಿಸುತ್ತಿದ್ದರೇ ಹೊರತು ಸದ್ದು ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ಕೋಲು ಹಿಡಿದು ನಿಂತು ಅವರೆಲ್ಲರ ಮಾತನ್ನೂ ತಾವೇ ಆಡುವುದು ಮಾವನ ಕೆಲಸ. ಡೇರೆಯ ಒಡೆಯರಾದ ಸಾಹೇಬರು ತಾವೇ ಯಂತ್ರದ ಹಿಡಿ ತಿರುಗಿಸುತ್ತಿದ್ದರು. ಹೊಸದಾಗಿ ಮದುವೆಯಾಗಿ ಸಂಪಾದನೆಗೆ ಪರದಾಡುತ್ತಿದ್ದ ನಾನು ಹಾರ್ಮೋನಿಯಂ ಬಾರಿಸುತ್ತಿದ್ದೆ. ರಾಜನಿಗೆ ಗಡಸು ದನಿ, ರಾಣಿಗೆ ಕೀರಲು ದನಿ, ಕುದುರೆಗೆ ಕೂಡ ಮಾವನದೇ ದನಿ!

ಒಮ್ಮೆ ಸಾಹೇಬರು ಬೊಂಬಾಯಿಯಿಂದ ಒಂದು ಹೆದರಿಕೆಯ ಚಿತ್ರ ತಂದರು. ಯಹೂದಿಗಳ ಹಳೆಯ ಕಥೆಯಂತೆ.

"ಯಹೂದಿ ಅಂದ್ರೆ ಯಾರು ಸಾಹೇಬ್ರೆ?" ಎಂದರು ಮಾವ.

"ಮೂಸಾ ಪೈಗಂಬರರ ಮಂದಿ, ಭಾಯಿ. ಬಹಳ ಹಳೇ ಜನ. ಊರೂರಲ್ಲೂ ಕಷ್ಟ ಪಟ್ಟೋರು."

ಕಥೆ ಇಷ್ಟೇ. ಅವರ ಕೇರಿಗೆ ವೈರಿಗಳ ಕಾಟ. ಕೇರಿಯ ಗುರು ಹೊಳೆಯ ಜೇಡಿಮಣ್ಣಿನಲ್ಲಿ ಆಳೆತ್ತರದ ಮನುಷ್ಯನನ್ನು ಮಾಡಿ ಹಣೆಯ ಮೇಲೆ ಮಂತ್ರಾಕ್ಷರ ಬರೆಯುತ್ತಾನೆ. ಮಣ್ಣು ಎದ್ದು ನಡೆಯುತ್ತದೆ, ನೀರು ಹೊರುತ್ತದೆ, ಕೇರಿ ಕಾಯುತ್ತದೆ. ಮಾತು ಮಾತ್ರ ಬಾರದು, ಅದನ್ನು ಕೊಡುವುದು ಗುರುವಿನ ಕೈಯಲ್ಲಿಲ್ಲ. ಕೊನೆಗೆ ರೊಚ್ಚಿಗೆದ್ದು ಕೇರಿಯ ಮೇಲೇ ತಿರುಗಿ ಬಿದ್ದಾಗ ಗುರು ಅಕ್ಷರ ಅಳಿಸುತ್ತಾನೆ. ಮಣ್ಣಿನ ಮನುಷ್ಯ ದೊಪ್ಪನೆ ಉರುಳುತ್ತಾನೆ.

ಚಳ್ಳಕೆರೆಯ ಮೊದಲ ಆಟದಲ್ಲಿ ಅವನು ಕಣ್ಣು ಬಿಟ್ಟದ್ದೇ ತಡ, ಅರ್ಧ ಡೇರೆ ಕಂಬಳಿಯೊಳಗೆ ಹೊಕ್ಕಿತು. ಪೈಲ್ವಾನರೊಬ್ಬರು ಡೇರೆಯ ಗೂಟ ಎಡವಿ, ಅದನ್ನೂ ಕಿತ್ತುಕೊಂಡು ಮನೆ ಸೇರಿದರು. ಆಮೇಲೆ ಗುರು ಬೈಯುವ ದೃಶ್ಯ ಬಂತು. ಮಣ್ಣಿನ ಮನುಷ್ಯ ಸುಮ್ಮನೆ ನಿಂತಿದ್ದ. ಯಾರೋ, "ಲೇ, ಇವ್ನು ಮೂಗ ಕಣ್ರಲೇ" ಎಂದ. ಅಷ್ಟೇ, ಹೆದರಿಕೆಯೆಲ್ಲ ಹಾರಿಹೋಗಿ ಡೇರೆಗೆ ಡೇರೆಯೇ ನಕ್ಕಿತು. ಒಬ್ಬ ಬ್ಯಾ ಬ್ಯಾ ಎಂದು ಅಣಕಿಸಿದ.

ನಾನು ಮಾವನ ಕಡೆ ನೋಡಿದೆ. ಕೋಲು ಕೆಳಗಿಳಿದಿತ್ತು. ಅತ್ತೆ ನೀರಿಗೆ ಹೋದಾಗ ಬಾವಿಕಟ್ಟೆಯಲ್ಲಿ ಏಳುತ್ತಿದ್ದದ್ದು ಇದೇ ನಗು. ಅದನ್ನು ಕೇಳಿ ಕೇಳಿ ಮಾವ ಒಳಗೇ ನೊಂದಿದ್ದರು.

ಮಾರನೆಯ ಸಂಜೆಯಿಂದ ಮಣ್ಣಿನ ಮನುಷ್ಯನಿಗೆ ಮಾತು ಬಂತು. ಎಂಥ ಮಾತು! ಹರಿಕಥೆ ದಾಸರು ಕೈಮುಗಿಯಬೇಕು. ದೇಹ ನಶ್ವರ ಎಂದ, ಜಗತ್ತೇ ಮಣ್ಣು ಎಂದ, ಸಾಲದೆಂಬಂತೆ ಚಳ್ಳಕೆರೆಯ ಬೀದಿಯಲ್ಲಿ ನೀರು ನಿಲ್ಲುವುದನ್ನೂ ಆಡಿಕೊಂಡ. ಅವನ ಮಾತು ಮುಗಿಯುವವರೆಗೆ ಸಾಹೇಬರು ಹಿಡಿ ತಿರುಗಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು.

"ಭಾಯಿ, ಬೇಗ ಮುಗಿಸು. ಫಿಲಂ ಸುಟ್ಟುಹೋಗ್ತದೆ."

"ತುಟಿ ಅಲ್ಲಾಡ್ತಿಲ್ಲವಲ್ರೀ?" ಎಂದು ಒಬ್ಬರು ಕೇಳಿಯೂ ಬಿಟ್ಟರು.

"ಮಣ್ಣು ಇನ್ನೂ ಒಣಗ್ತಾ ಐತೆ. ತುಟಿ ಅಲ್ಲಾಡಿಸಿದ್ರೆ ಬಿರುಕು ಬಿಡ್ತೈತೆ. ಅದಕ್ಕೇ ಹೊಟ್ಟೆಯಿಂದ ಮಾತಾಡ್ತಾನೆ" ಎಂದರು ಮಾವ.

ಸಿದ್ದಾಪುರದಲ್ಲಿ ಇನ್ನೊಂದು ಫಜೀತಿ. ನಮ್ಮ ಕಡೆ ಭಾದ್ರಪದದಲ್ಲಿ ಮಣ್ಣಿನ ಜೋಕುಮಾರನನ್ನು ಮಾಡಿ, ಬುಟ್ಟಿಯಲ್ಲಿ ಕೂರಿಸಿಕೊಂಡು ಮನೆಮನೆಗೆ ಬರುತ್ತಾರೆ. ಬಾಯಿಗೆ ಬೆಣ್ಣೆ ಸವರುತ್ತಾರೆ, ಕೊನೆಗೆ ಅವನು ಸತ್ತ ಎಂದು ಅಳುತ್ತಾರೆ. ಮುಂದೆ ಕೂತಿದ್ದ ಒಬ್ಬ ಅಜ್ಜಿ ಪರದೆಯವನನ್ನು ನೋಡಿ, "ಇವ್ನು ನಮ್ಮ ಜೋಕುಮಾರನೇ ಕಣ್ರಪ್ಪ" ಎಂದು ತೀರ್ಮಾನ ಕೊಟ್ಟಿತು.

"ಭಾದ್ರಪದ ಇನ್ನೂ ಬಂದಿಲ್ಲವಲ್ಲಜ್ಜಿ?" ಎಂದೆ ನಾನು.

ಮಾವ ಬಿಡಬೇಕಲ್ಲ. "ಅವರ ದೇಶದಾಗೆ ಬೇಗ ಬರ್ತೈತೆ" ಎಂದರು.

ಮಾರನೆಯ ಆಟಕ್ಕೆ ಅಜ್ಜಿ ಬೆಣ್ಣೆ ತಂದಿತ್ತು. ಮಣ್ಣಿನ ಮನುಷ್ಯ ಉರುಳಿ ಅವನ ಮುಖ ಪರದೆಯ ಕೆಳಗಡೆ ಬಂದದ್ದೇ ತಡ, ಎದ್ದು ಹೋಗಿ ಬಾಯಿಗೆ ಸವರಿಬಿಟ್ಟಿತು. ಸಾಹೇಬರು ಸೀಗೆಕಾಯಿ ಹಾಕಿ ಉಜ್ಜಿದರೂ ಕಲೆ ಹೋಗಲಿಲ್ಲ. ಆಮೇಲೆ ಯಾವ ಚಿತ್ರದಲ್ಲಿ ಯಾವ ಮಹಾರಾಣಿ ಅಲ್ಲಿ ತಲೆ ಇಟ್ಟು ಮಲಗಿದರೂ ಬೆಣ್ಣೆ ಕದ್ದು ತಿಂದವಳಂತೆ ಕಾಣುತ್ತಿದ್ದಳು.

ಅಲ್ಲಿಂದ ಡೇರೆ ಮೊಳಕಾಲ್ಮೂರಿಗೆ ಹೋಯಿತು. ಅತ್ತೆಯನ್ನು ಮಾವ ಎಂದೂ ಆಟಕ್ಕೆ ಕರೆತಂದವರಲ್ಲ. ಆದರೆ ತವರಿಗೆ ಬಂದಿದ್ದ ಅತ್ತೆ ಅವತ್ತು ತಾವಾಗಿಯೇ ಬಂದು ಹೆಂಗಸರ ಕಡೆ ಕೂತರು. ಕಂಡ ಕೂಡಲೇ ಮಾವನಿಗೆ ಆವೇಶ ಬಂತು. ಮಣ್ಣಿನ ಮನುಷ್ಯ ಕನ್ನಡದಲ್ಲಿ ಉಪದೇಶ ಮಾಡಿ, ಅದನ್ನೇ ತೆಲುಗಿನಲ್ಲೂ ಮಾಡಿದ. ಜನ ಭೇಷ್ ಎಂದರು. ಅತ್ತೆ ಮಾತ್ರ ಮೊದಲಿನಿಂದ ಕೊನೆಯವರೆಗೆ ಬಳೆ ಒತ್ತಿ ಹಿಡಿದು ಕೂತಿದ್ದರು.

ಆಟ ಮುಗಿದು ಜನ ಚದುರಿದ ಮೇಲೆ ಅತ್ತೆ ಪರದೆಯ ಹತ್ತಿರ ಬಂದರು. ಬೆಣ್ಣೆ ಕಲೆಯ ಮೇಲೆ ಬೆರಳಿಟ್ಟರು. ಆಮೇಲೆ ಅದೇ ಕೈಯನ್ನು ಮಾವನ ಬಾಯಿಯ ಮೇಲಿಟ್ಟು, ತೆಗೆದರು.

"ನಿಮ್ಮತ್ತೆ ಏನಂತಾಳೆ ಅಂದ್ರೆ, ಚೆಂದ ಮಾತಾಡಿದ್ರಿ, ಗಂಟಲು ನೋಯ್ತೈತೇನೋ ಅಂತಾಳೆ" ಎಂದರು ಮಾವ.

"ಇಲ್ಲ ಮಾವ, ಅವ್ನ ಮಾತು ನೀವು ಆಡಬ್ಯಾಡ್ರಿ ಅಂತಾರೆ" ಎಂದೆ.

ಅತ್ತೆ ನನ್ನ ಕಡೆ ತಿರುಗಿ ಬಳೆ ಕುಲುಕಿದರು. ಮಾವನ ಮುಖ ಸಣ್ಣದಾಯಿತು.

"ನಗ್ತಾರೆ ಕಣೇ" ಎಂದರು ಮೆಲ್ಲಗೆ. "ನಾನು ಬಾಯಿ ಮುಚ್ಚಿದ್ರೆ ಎಲ್ಲಾ ಸೇರಿ ನಗ್ತಾರೆ."

ನಕ್ಕರೆ ನಗಲಿ ಎಂಬಂತೆ ಅತ್ತೆ ಕೈಯಾಡಿಸಿ ಹೊರಟುಹೋದರು.

ಮಾರನೆಯ ಸಂಜೆ ಅತ್ತೆ ಅದೇ ಜಾಗದಲ್ಲಿ ಕೂತಿದ್ದರು. ಮಾವ ಗುರುವಿಗೆ ಮಾತಾಡಿದರು, ವೈರಿಗಳಿಗೆ ಮಾತಾಡಿದರು. ಮಣ್ಣಿನ ಮನುಷ್ಯ ಎದ್ದ. ಗುರು ಬೈದ. ಮಾವ ಬಾಯಿ ಮುಚ್ಚಿದರು.

ಯಂತ್ರದ ಕಟಕಟ ಒಂದೇ ಕೇಳುತ್ತಿತ್ತು. ನನ್ನ ಕೈ ಹಾರ್ಮೋನಿಯಂ ಮೇಲೆ ಹಾಗೇ ನಿಂತಿತು. ಗಂಡಸರ ಕಡೆ ಯಾರೋ ಕಿಸಕ್ಕೆಂದ. ಮಾವನ ತುಟಿ ನಡುಗಿದ್ದನ್ನು ಕಂಡೆ, ಆದರೂ ಅವರು ಮಾತಾಡಲಿಲ್ಲ. ನಕ್ಕವನ ಜೊತೆಗೆ ಯಾರೂ ನಗಲಿಲ್ಲ. ಎಲ್ಲರೂ ಪರದೆಯ ಕಡೆಗೇ ನೋಡುತ್ತಿದ್ದರು. ಅಷ್ಟೂ ದಿನ ಮಾವನ ಮಾತಿನ ಗದ್ದಲದಲ್ಲಿ ಆ ಮಣ್ಣಿನ ಮುಖದ ಕಣ್ಣುಗಳನ್ನು ನಾನೇ ಸರಿಯಾಗಿ ನೋಡಿರಲಿಲ್ಲ.

ಕೊನೆಗೆ ಅವನು ಉರುಳಿದ. ಬೆಣ್ಣೆ ಕಲೆ ಅವನ ಬಾಯಿಗೇ ಸರಿಯಾಗಿ ಬಂತು. ಮುದುಕಿಯೊಬ್ಬರು ತೆಲುಗಿನಲ್ಲಿ, "ಪಾಪಂ, ಏಮಿ ಚೆಪ್ಪಾಲನುಕುನ್ನಾಡೋ" ಎಂದರು. ಪಾಪ, ಏನು ಹೇಳಬೇಕು ಅಂತಿದ್ದನೋ ಎಂದು. ಆಗ ಹೆಂಗಸರ ಕಡೆಯಿಂದ ಬಳೆ ಸದ್ದು ಕೇಳಿಸಿತು. ಅತ್ತೆ ಎರಡೂ ಕೈಯ ಬಳೆಗಳನ್ನು ಅಷ್ಟು ಜೋರಾಗಿ ಕುಲುಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ನನಗೆ ಅಳು ಬಂತು.

ದೀಪ ಹಚ್ಚಿದ ಮೇಲೆ ಅತ್ತೆ ನಾವಿದ್ದಲ್ಲಿಗೆ ಬಂದು ಕೈಯಲ್ಲಿ ಏನೇನೋ ಹೇಳಿದರು. ಸಾಹೇಬರು ಎಲ್ಲರಂತೆ ಮಾವನನ್ನು ಕೇಳಿದರು.

"ಅಮ್ಮನೋರು ಏನಂತಾರೆ ಭಾಯಿ?"

ಮಾವ ಬಾಯಿ ತೆರೆದರು. ಅತ್ತೆಯ ಮುಖ ನೋಡಿದರು. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು.

"ನನ್ನ ಯಾಕೆ ಕೇಳ್ತೀರಿ ಸಾಹೇಬ್ರೆ? ಅವಳನ್ನೇ ಕೇಳ್ರಿ" ಎಂದರು.