ಅರವತ್ತೈದನೆಯ ಚೌಕ

ಕಾವೇರಿ, ಮಲ್ಲಿಕಾರ್ಜುನ,

ನಿಮ್ಮ ಅಜ್ಜನ ಚೌಕಳಿ ಶಾಲನ್ನು ಇಲಿ ಕಡಿಯಿತು ಎಂದು ನಾನು ನಿಮಗೆ ಹೇಳಿದ್ದೆ. ಮಲ್ಲು, ನೀನು ಆ ಇಲಿಯನ್ನು ಹಿಡಿಯಲು ಮೂರು ದಿನ ಬೋನಿಟ್ಟು ಬಾಗಿಲ ಹಿಂದೆ ಕಾದು ಕುಳಿತೆ. ಮೂರನೆಯ ದಿನ ಒಂದು ಬಡಪಾಯಿ ಇಲಿ ಸಿಕ್ಕಿತು. ಅದಕ್ಕೆ ಒಂದು ತಾಸು ಬುದ್ಧಿವಾದ ಹೇಳಿ ಹಳ್ಳದ ಆಚೆ ಬಿಟ್ಟು ಬಂದೆ. ಅದು ಯಾವ ತಪ್ಪನ್ನೂ ಮಾಡಿರಲಿಲ್ಲ. ಶಾಲು ಕತ್ತರಿಸಿದ ಇಲಿ ನಾನು!

ಇದನ್ನು ಎದುರಿಗೆ ಹೇಳುವ ಧೈರ್ಯ ನನಗಿಲ್ಲ. ಸಾಲಹಳ್ಳಿಯ ಸಾಲೆಯಲ್ಲಿ ಐದನೆಯ ಇಯತ್ತೆಯವರೆಗೆ ಕಲಿತವಳು ನಾನು. ಮಾಸ್ತರರು ಹೆಸರು ಕೇಳಿದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಈಗಲೂ ಅಷ್ಟೇ. ಆದ್ದರಿಂದ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಗವಂಡಿ ಎಂಬುದು ನಿಮಗೆ ಗೊತ್ತು. ಬೈಲಹೊಂಗಲದ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಕಲ್ಲು ಹಾಸಿದವರು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮಿಬ್ಬರ ನಡುವೆ ಮಾತೇ ಇರಲಿಲ್ಲ. ಅವರಿಗೂ ಸಂಕೋಚ, ನನಗೂ ಸಂಕೋಚ. ಕೆಲಸದಿಂದ ಬರುವಾಗ ಚೀಲದಲ್ಲಿ ಒಡೆದ ಕಲ್ಲಿನ ತುಂಡುಗಳನ್ನು ತಂದು ಬಚ್ಚಲ ಬಾಗಿಲಲ್ಲಿ ಸುರಿದು ಹೋಗುತ್ತಿದ್ದರು. ನಾನು ಮಧ್ಯಾಹ್ನ ಕುಳಿತು ಯಾವ ತುಂಡಿನ ಪಕ್ಕ ಯಾವುದು ಕೂಡುತ್ತದೆ ಎಂದು ಹೊಂದಿಸಿ ಇಡುತ್ತಿದ್ದೆ. ಮರುದಿನ ಅವರು ನಾನು ಇಟ್ಟ ಹಾಗೆಯೇ ಗಾರೆ ಹಾಕುತ್ತಿದ್ದರು. ಬಚ್ಚಲ ನೆಲ ಮುಗಿಯಲು ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ನಾವು ಮಾತಾಡಲು ಕಲಿತಿದ್ದೆವು.

ಆದ್ದರಿಂದ ಕಾವೇರಿ, ನಿನಗೆ ಸಾಲೆಯಲ್ಲಿ ಬಹುಮಾನವಾಗಿ ಬಂದ ಕತ್ತರಿಸಿ ಜೋಡಿಸುವ ಒಗಟುಗಳ ಪುಸ್ತಕವನ್ನು ನೀನು ಓದದೆ ಕಪಾಟಿನ ಮೇಲೆ ಎಸೆದಾಗ, ನಾನು ಅದನ್ನು ಕದ್ದೆ. ಓದಿದ್ದೂ ಕದ್ದೇ. ಒಂಬತ್ತು ಉದ್ದ, ನಾಲ್ಕು ಅಗಲದ ಹಾಳೆಯನ್ನು ಎರಡೇ ತುಂಡು ಮಾಡಿ ಸರಿಯಾದ ಚೌಕ ಮಾಡಬೇಕಂತೆ. ಎರಡು ದಿನ ಒದ್ದಾಡಿದೆ. ಏಳು ರೊಟ್ಟಿ ಸೀದವು. ಮೂರನೆಯ ದಿನ, ಮೆಟ್ಟಿಲಿನ ಹಾಗೆ ಕತ್ತರಿಸಿ ಒಂದು ಮೆಟ್ಟಿಲು ಇಳಿಸಿದರೆ ಸಾಕು ಎಂದು ಹೊಳೆಯಿತು. ಆ ದಿನ ನನಗಾದ ಸಂತೋಷವನ್ನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಏನೆನ್ನುತ್ತಿದ್ದರು? ಮುದುಕಿಗೆ ಕತ್ತರಿ ಆಟ!

ಮನೆಗೆ ಬಂದ ಹಳೆಯ ಲಗ್ನಪತ್ರಿಕೆಗಳನ್ನೆಲ್ಲ ಕತ್ತರಿಸಿದೆ. ಯಾರಾದರೂ ಬಂದರೆ ತುಂಡುಗಳನ್ನು ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಡುತ್ತಿದ್ದೆ. ಒಂದು ದಿನ ಸಂಜೆ ನಿಮ್ಮ ಅಪ್ಪ ಊಟದ ಡಬ್ಬಿ ಇಡುತ್ತ ಹೇಳಿದ: "ಯವ್ವಾ, ಇವತ್ತ ರೊಟ್ಟಿ ನಡಕ ಮದಮಗನ ಅರ್ಧಾ ಹೆಸರು ಬಂದಿತ್ತ ನೋಡು."

"ಹೌದೇನೋ?" ಎಂದು ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.

ಪುಸ್ತಕದ ಕೊನೆಯಲ್ಲಿ ಆ ಒಗಟು ಇತ್ತು. ಎಂಟು ಉದ್ದ, ಎಂಟು ಅಗಲದ ಚೌಕ. ಒಳಗೆ ಅರವತ್ತನಾಲ್ಕು ಮನೆ. ಅದನ್ನು ಚಿತ್ರದಲ್ಲಿ ತೋರಿಸಿದಂತೆ ನಾಲ್ಕು ತುಂಡು ಮಾಡಿ ಬೇರೆ ರೀತಿ ಜೋಡಿಸಿದರೆ ಹದಿಮೂರು ಉದ್ದ, ಐದು ಅಗಲದ ಪಟ್ಟಿಯಾಗುತ್ತದೆ. ಹದಿಮೂರು ಐದಲೆ ಅರವತ್ತೈದು! ಕೆಳಗೆ, "ಒಂದು ಚೌಕ ಎಲ್ಲಿಂದ ಬಂತು?" ಎಂದು ಬರೆದಿತ್ತು. ಅದು ನನಗೆ ಕೇಳಿದ ಪ್ರಶ್ನೆ ಎಂದು ನಾನು ತಿಳಿಯಲಿಲ್ಲ. ಪುಸ್ತಕವೂ ನನ್ನ ಹಾಗೆಯೇ ಬೆರಗಾಗಿದೆ ಎಂದುಕೊಂಡೆ. ಪುಟ ತಿರುವಿದರೆ ಉತ್ತರವಿತ್ತು. ಆದರೆ ಉತ್ತರ ನೋಡುವುದು ಕಳ್ಳತನ ಎಂದು ನನ್ನ ನಿಯಮ. ಪುಸ್ತಕ ಕದ್ದವಳ ನಿಯಮ!

ಲಗ್ನಪತ್ರಿಕೆ ಕತ್ತರಿಸಿ ಜೋಡಿಸಿದೆ. ಆಯಿತು. ಮತ್ತೊಮ್ಮೆ ಮಾಡಿದೆ. ಮತ್ತೆ ಆಯಿತು. ನಲವತ್ತು ಸಲವಾದರೂ ಮಾಡಿರಬೇಕು. ನಡುವೆ ಕೂದಲೆಳೆಯಷ್ಟು ಸಂದಿ ಕಾಣುತ್ತಿತ್ತು. ನನ್ನ ಕತ್ತರಿ ಮೊಂಡು, ಕಣ್ಣು ಅದಕ್ಕಿಂತ ಮೊಂಡು ಎಂದು ಸುಮ್ಮನಾದೆ.

ಅದೇ ವಾರ ಕಿತ್ತೂರಿನಿಂದ ನಿಮ್ಮ ಅತ್ತೆ ಶೈಲಾ ಫೋನು ಮಾಡಿದಳು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಅವಳಿಗೆ ಹೆಣ್ಣು ಕೂಸು ಹುಟ್ಟಿತ್ತು. ಡಾಕ್ಟರು ಪ್ರಯಾಣ ಬೇಡ ಎಂದಿದ್ದರಿಂದ ಬಾಣಂತನವೂ ಅಲ್ಲೇ, ತೊಟ್ಟಿಲ ಕಾರ್ಯವೂ ಅಲ್ಲೇ.

"ಯವ್ವಾ, ನನಗ ಬ್ಯಾರೆ ಏನೂ ಬ್ಯಾಡ. ತೊಟ್ಟಿಲಕ್ಕ ಒಂದ ಕೌದಿ ಹೊಲಕೊಂಡ ಬಾ. ಮ್ಯಾಲಿನ ಮಗ್ಗಲಾ ಪೂರಾ ಅಪ್ಪನ ಶಾಲಿಂದ ಇರಲಿ. ಅಪ್ಪ ಕೂಸಿನ ಮಾರಿ ನೋಡಲಿಲ್ಲ. ಕೂಸರ ಅವನ ಅರಿವಿ ಮ್ಯಾಲ ಮಲಗಲಿ."

ನಿಮ್ಮ ಅಜ್ಜ ಹೋದಾಗ ಅವರ ಬಟ್ಟೆಗಳನ್ನೆಲ್ಲ ಪದ್ಧತಿಯಂತೆ ಕೊಟ್ಟುಬಿಟ್ಟಿದ್ದೆವು. ಚಳಿಗಾಲದಲ್ಲಿ ಕೆಲಸಕ್ಕೆ ಹೋಗುವಾಗ ಕಿವಿಗೆ ಸುತ್ತಿಕೊಳ್ಳುವ ಆ ಶಾಲು ಒಂದೇ ಉಳಿದಿತ್ತು. ಅಂದು ಅದು ಹಿತ್ತಿಲ ತಂತಿಯ ಮೇಲೆ ಒಣಗುತ್ತಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂದು ಬಿಳಿ ಚೌಕಳಿ. ಒಂದೊಂದು ಚೌಕ ನಾಲ್ಕು ಬೆರಳಗಲ. ಎಣಿಸಿದೆ. ಉದ್ದಕ್ಕೆ ಎಂಟು, ಅಗಲಕ್ಕೆ ಎಂಟು! ಶೈಲಾ ತೊಟ್ಟಿಲ ಅಳತೆಯ ದಾರ ಕಳಿಸಿದ್ದಳು. ಶಾಲಿನ ಮೇಲೆ ಇಟ್ಟು ನೋಡಿದೆ. ಅಗಲ ಐದು ಚೌಕ. ಉದ್ದ ಹದಿಮೂರು ಚೌಕ!

ದೇವರೇ ಪುಸ್ತಕ ಬರೆಸಿ, ಕಾವೇರಿಗೆ ಬಹುಮಾನ ಕೊಡಿಸಿ, ನನ್ನಿಂದ ಕದಿಸಿದ್ದಾನೆ ಎಂದು ನಂಬಿದೆ.

ಶಾಲು ತೊಟ್ಟಿಲಿಗೆ ಸಾಲುವುದಷ್ಟೇ ಅಲ್ಲ, ಒಂದು ಚೌಕ ಹೆಚ್ಚೂ ಆಗುತ್ತದಲ್ಲ! ಅಷ್ಟರಲ್ಲಿ ಸವದತ್ತಿಯಿಂದ ನನ್ನ ನಾದಿನಿ ನೀಲವ್ವ ಬಂದಳು. ಅಣ್ಣನ ನೆನಪಿಗೆ ತನ್ನ ಬಳಿ ಒಂದು ಎಳೆಯೂ ಇಲ್ಲ ಎಂದು ಕಣ್ಣೀರು ಹಾಕಿದಳು. ನಾನು ಹುಟ್ಟಿದಾಗಿನಿಂದ ಇಷ್ಟು ಧಾರಾಳಿ ಎಂದೂ ಆಗಿರಲಿಲ್ಲ. ಕತ್ತರಿ ತಂದು ಶಾಲಿನ ಮೂಲೆಯ ಒಂದು ಚೌಕ ಕತ್ತರಿಸಿ ಅವಳ ಕೈಗಿಟ್ಟೆ.

"ಅಯ್ಯ ವೈನಿ, ನಿನಗ ಕಡಿಮಿ ಆಗೂದಿಲ್ಲೇನ?"

"ಇಲ್ಲವಾ. ಹೆಚ್ಚಿಂದ ಐತಿ."

ಇನ್ನೂ ಹುಟ್ಟದ ಚೌಕವನ್ನು ದಾನ ಮಾಡಿ ಆಗಿತ್ತು.

ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ ದೇವರಿಗೆ ಕೈಮುಗಿದು ಕುಳಿತೆ. ಅಡ್ಡಕ್ಕೆ ಒಂದು ನೇರ ಕತ್ತರಿ: ಒಂದು ಕಡೆ ಮೂರು ಸಾಲು, ಇನ್ನೊಂದು ಕಡೆ ಐದು. ಮೂರು ಸಾಲಿನ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಸೀಳಿದೆ. ಐದು ಸಾಲಿನದನ್ನು ನಡುವೆ ಓರೆಯಾಗಿ ಸೀಳಿದೆ. ನಾಲ್ಕು ತುಂಡಾದವು. ನನ್ನ ಇಳಕಲ್ ಸೀರೆಯ ಕೆಂಪು ಸೆರಗನ್ನು ಅಡಿಗೆ ಹಾಸಿ, ಅದರ ಮೇಲೆ ತುಂಡುಗಳನ್ನು ಪುಸ್ತಕದಂತೆ ಜೋಡಿಸಿದೆ.

ಬಗ್ಗಿ ನೋಡಿದೆ.

ಈ ಮೂಲೆಯಿಂದ ಆ ಮೂಲೆಯವರೆಗೆ ನಡುವೆ ಉದ್ದಕ್ಕೂ ಸಂದಿ! ಕಾಗದದಲ್ಲಿ ಕೂದಲೆಳೆಯಾಗಿದ್ದದ್ದು ಬಟ್ಟೆಯಲ್ಲಿ ಅರ್ಧ ಬೆರಳಾಗಿತ್ತು. ತುಂಡುಗಳನ್ನು ಆಚೆ ಸರಿಸಿದರೆ ಈಚೆ ಬಾಯಿ ಬಿಡುತ್ತಿತ್ತು, ಈಚೆ ಸರಿಸಿದರೆ ಆಚೆ. ನೀಲವ್ವನಿಗೆ ಕೊಟ್ಟ ಮೂಲೆಯ ತೂತು ಬೇರೆ. ಇರಲಿ, ಎಳೆದು ಹೊಲಿದರೆ ಕೂಡೀತು ಎಂದು ಅಂಚು ಮಡಚಿ ಹೊಲಿದೆ. ಮಡಚಿದಷ್ಟೂ ಸಂದಿ ಅಗಲವಾಯಿತು. ಜಗ್ಗಿ ಹೊಲಿದೆ. ಕೌದಿ ಎರಡೂ ತುದಿ ಮೇಲೆತ್ತಿ ದೋಣಿಯಂತೆ ಕುಳಿತಿತು. ಮಲಪ್ರಭೆಯಲ್ಲಿ ಬಿಟ್ಟಿದ್ದರೆ ತೇಲುತ್ತಿತ್ತು!

ಅದೇ ಹೊತ್ತಿಗೆ ಪಕ್ಕದ ಮನೆಯ ಮಾಬುಬಿ ಮಜ್ಜಿಗೆ ಕೇಳಲು ಬಂದಳು. ಅವಳು ಮೂವತ್ತು ವರ್ಷದಿಂದ ಹೊಲಿಗೆ ಯಂತ್ರ ತುಳಿಯುವವಳು. ಅಷ್ಟು ದೊಡ್ಡ ಕೌದಿ ರೊಟ್ಟಿ ಬುಟ್ಟಿಯಲ್ಲಿ ಹಿಡಿಸಲಿಲ್ಲ. ಎಲ್ಲ ಹೇಳಬೇಕಾಯಿತು.

"ಅಕ್ಕಾರ, ಹೊಲಿಗಿಗೆ ಅಂತ ಎಷ್ಟ ಬಿಟ್ಟಿದ್ರಿ?"

"ಏನೂ ಇಲ್ಲ. ಪುಸ್ತಕದಾಗ ಹೇಳಿಲ್ಲವಾ."

"ಪುಸ್ತಕ ಎಂದಾರ ಸೂಜಿ ಹಿಡದೈತೇನ್ರಿ? ಅದೂ ಓರೆ ಕತ್ತರಿ! ಓರೆ ಕತ್ತರಿಸಿದ ಅರಿವಿ ಜಗ್ಗಿದಂಗ ಜಗ್ಗತೈತಿ. ನಿಮಗ ನಾ ಹೇಳಬೇಕ? ನಲವತ್ತ ವರ್ಷ ಕೌದಿ ಹೊಲದಾರು ನೀವು!"

"ಒಂದ ಚೌಕ ಹೆಚ್ಚಿಗಿ ಬರತೈತಿ, ಹೊಲಿಗಿಗೆ ಅದ ಆಗತೈತಿ ಅಂದಕೊಂಡಿದ್ದೆ."

"ಎಲ್ಲೈತಿ ಅದು?"

"ಅದನ್ನ ನೀಲವ್ವಗ ಕೊಟ್ಟೆ."

ಮಾಬುಬಿ ಕೌದಿಯ ಸಂದಿಯೊಳಗೆ ಬೆರಳಿಟ್ಟು ನೋಡಿದಳು. ಕೌದಿ ಮುಗಿಸುವಾಗ ಅದು ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ಒಂದು ತುತ್ತು ರೊಟ್ಟಿ ಇಟ್ಟು ಹೊಲಿಯುವುದು ನಮ್ಮ ಕಡೆಯ ರೂಢಿ. ಅವಳು ನಿಟ್ಟುಸಿರು ಬಿಟ್ಟು ಹೇಳಿದಳು: "ಇದು ತೆರೆದಿರೋ ಬಾಯಿಗೆ ಒಂದ ತುತ್ತ ಎಲ್ಲಿ ಸಾಲತೈತ್ರಿ ಅಕ್ಕಾರ? ಬುಟ್ಟಿಗಟ್ಟಲೆ ಬೇಕು."

ನಗು ಬಂದರೂ ನಗಲಾಗಲಿಲ್ಲ. ಶೈಲಾ ಒಂಬತ್ತು ವರ್ಷದಲ್ಲಿ ನನ್ನನ್ನು ಕೇಳಿದ್ದು ಒಂದೇ ವಸ್ತು. ಅಂಥ ಬಟ್ಟೆ ಊರಿನ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಂಜೆ ನೀವು ಬಂದು ತುಂಡಾಗಿದ್ದ ಶಾಲನ್ನು ನೋಡಿದಾಗ ನನ್ನ ಬಾಯಿಂದ ಇಲಿ ಹೊರಬಿತ್ತು.

ಮರುದಿನ ಬೆಳಿಗ್ಗೆ ಸವದತ್ತಿಯ ಬಸ್ಸು ಹತ್ತಿದೆ. ಆ ಚೌಕವನ್ನು ಮರಳಿ ತಂದು, ಪಟ್ಟಿ ಮಾಡಿ, ಸಂದಿ ಮುಚ್ಚುವ ಯೋಚನೆ. ದಾರಿಯುದ್ದಕ್ಕೂ ಕೇಳಬೇಕಾದ ಮಾತನ್ನು ಬಾಯಿಪಾಠ ಮಾಡಿದೆ. ನೀಲವ್ವ ಬಾಗಿಲಲ್ಲೇ ಕೈ ಹಿಡಿದು ಒಳಗೆ ಕರೆದೊಯ್ದಳು.

"ಇಲ್ಲಿ ಬಾ ವೈನಿ, ನೋಡು."

ದೇವರ ಜಗಲಿಯ ಮೇಲೆ, ದೀಪದ ಕೆಳಗೆ, ಆ ಚೌಕವನ್ನು ಹಾಸಿದ್ದಳು. ಮೇಲೆ ಒಂದು ಚೆಂಡು ಹೂವು.

"ದಿನಾ ಮುಂಜಾನಿ ಅಣ್ಣನ ಮಾರಿ ನೋಡಿದಂಗ ಆಗತೈತಿ. ನಿನ್ನಂಥಾ ವೈನಿ ಯಾರಿಗಿ ಸಿಗತಾಳ ಹೇಳು!"

ಬಾಯಿಪಾಠ ಮರೆತುಹೋಯಿತು. ಮೂರು ಸಲ ಚಹ ಕುಡಿದೆ. ಮೂರು ಸಲವೂ ಕೇಳಲು ಬಾಯಿ ತೆರೆದು, ಚಹ ಚೆನ್ನಾಗಿದೆ ಎಂದೆ. ಸಂಜೆ ಒಂದು ಚೀಲ ಬದನೆಕಾಯಿ ಹೊತ್ತು ಮನೆಗೆ ಬಂದೆ. ಎಂಟು ದಿನ ನೀವು ಬದನೆಕಾಯಿ ಉಂಡದ್ದು ಅದಕ್ಕೇ.

ತೊಟ್ಟಿಲ ಕಾರ್ಯದ ದಿನ ಕಿತ್ತೂರಿನಲ್ಲಿ ಮನೆ ತುಂಬ ಹೆಂಗಸರು. ಮೂಲೆಯ ತೂತಿಗೆ ತೇಪೆ ಹಾಕಿದ್ದೆ. ನಡುವಿನ ಸಂದಿ ಹಾಗೇ ಇತ್ತು. ಶೈಲಾಳ ಅತ್ತೆ ಗೌರವ್ವನವರು ಎಲ್ಲರೆದುರು ಕೌದಿ ಬಿಡಿಸಿದರು. ಕಂದು ಬಿಳಿ ಚೌಕಗಳ ನಡುವೆ ಮೂಲೆಯಿಂದ ಮೂಲೆಗೆ ಕೆಂಪು ಬಾಯಿ.

"ಬೀಗತಿಯರ, ಇದ್ಯಾಕ್ರಿ ಹಿಂಗ ಬಾಯಿ ತಕ್ಕೊಂಡೈತಿ?"

ಎಲ್ಲರೂ ನನ್ನನ್ನೇ ನೋಡಿದರು. "ಕೂಸಿಗಿ ಗಾಳಿ ಆಡಲಿ ಅಂತ್ರಿ" ಎಂದೆ.

"ಹೌದ್ರೀ, ಸೆಕಿ ಭಾಳ" ಎಂದು ಒಬ್ಬ ಮುದುಕಿ ಮೆಚ್ಚಿದಳು. ಶೈಲಾ ಜೋಗುಳ ಮುಗಿಯುವವರೆಗೂ ನನ್ನ ಕಡೆ ತಿರುಗಲಿಲ್ಲ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಾಗ ಅವಳು ನನ್ನನ್ನು ಬಾಣಂತಿ ಕೋಣೆಗೆ ಕರೆದಳು. ಕೌದಿ ಅವಳ ತೊಡೆಯ ಮೇಲಿತ್ತು.

"ಯವ್ವಾ, ಖರೇ ಹೇಳು. ಅಪ್ಪನ ಶಾಲು ಹಿಂಗ್ಯಾಕ ಮಾಡಿದಿ?"

ನಾನು ಚೀಲದಿಂದ ಲಗ್ನಪತ್ರಿಕೆಯ ನಾಲ್ಕು ತುಂಡು ತೆಗೆದು ಹಾಸಿಗೆಯ ಮೇಲೆ ಇಟ್ಟೆ. ಮೊದಲು ಚೌಕ ಮಾಡಿ ತೋರಿಸಿದೆ. ಆಮೇಲೆ ಪಟ್ಟಿ ಮಾಡಿ ತೋರಿಸಿದೆ. "ಅರವತ್ನಾಕು ಇದ್ದದ್ದು ಅರವತ್ತೈದ ಆಗತೈತಿ ನೋಡು" ಎಂದೆ.

"ಒಂದ ವಸ್ತು ಕೇಳಿದ್ದೆ ನಾ" ಎಂದಳು ಶೈಲಾ. ಅವಳ ಕಣ್ಣು ತುಂಬಿದ್ದವು. ಹಾಗೆಂದವಳು ಸುಮ್ಮನೆ ಕೂರಲಿಲ್ಲ. ತುಂಡುಗಳನ್ನು ಜೋಡಿಸಿದ ಹಾಗೆಯೇ ಇಟ್ಟು, ಅಂಚುಗಳು ತಾಗುವಲ್ಲಿ ಅಂಟುಪಟ್ಟಿ ಹಚ್ಚಿ ಕೂಡಿಸಿದಳು. ಎದ್ದು ಹೋಗಿ ಕಿಟಕಿಯ ಬಿಸಿಲಿಗೆ ಹಿಡಿದಳು. ನಡುವಿನ ಉದ್ದನೆಯ ಸಂದಿಯಿಂದ ಬೆಳಕು ಗೆರೆಯಂತೆ ಒಳಗೆ ಬಂದು ನನ್ನ ಸೀರೆಯ ಮೇಲೆ ಬಿತ್ತು.

"ಇಲ್ಲೈತಿ ನೋಡ ಯವ್ವಾ ನಿನ್ನ ಹೆಚ್ಚಿಂದು. ಸಣ್ಣಗ ಉದ್ದಕ ಹರಡಕೊಂಡ ಮಲಗೇತಿ. ಹೆಚ್ಚಿಗಿ ಎಂದೂ ಇರಲಿಲ್ಲ."

ನಲವತ್ತು ಸಲ ಜೋಡಿಸಿದ್ದೆ. ಒಂದು ಸಲವೂ ಬೆಳಕಿಗೆ ಹಿಡಿದಿರಲಿಲ್ಲ.

ಅವಳು ಆ ಪಟ್ಟಿಯನ್ನು ತಿರುವಿ ಹಿಂದಿನ ಮಗ್ಗುಲನ್ನೂ ನೋಡಿದಳು. ಆಮೇಲೆ ತಿರುಗಿ, "ಇಂಥಾವು ಇನ್ನ ಅದಾವೇನ ನಿನ್ನ ಕಡೆ?" ಎಂದಳು. ನನಗೆ ತಿಳಿದಂತೆ ನನ್ನ ಈ ಹುಚ್ಚಿನ ಬಗ್ಗೆ ಯಾರಾದರೂ ಕೇಳಿದ್ದು, ನಿಮ್ಮ ಅಜ್ಜ ಹೋದ ಮೇಲೆ, ಅದೇ ಮೊದಲು. ಮೆಟ್ಟಿಲಿನ ಒಗಟನ್ನು ಹೇಳಿಕೊಟ್ಟೆ.

ಕೂಸು ಅಳತೊಡಗಿತು. ಶೈಲಾ ಕೌದಿಯನ್ನು ತೊಟ್ಟಿಲಲ್ಲಿ ಹಾಸಿ ಅದನ್ನು ಮಲಗಿಸಿದಳು. ಅಜ್ಜನ ಶಾಲಿನ ಮೇಲೆ ಮೊಮ್ಮಗಳು ಕೊನೆಗೂ ಮಲಗಿದಳು. ಕೂಡಲೇ ಅಳು ನಿಂತಿತು ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ! ನಿಲ್ಲಲಿಲ್ಲ. ಮನೆ ಹಾರುವಂತೆ ಚೀರಿತು. ನಾನು ಜಗ್ಗಿ ಹೊಲಿದ ದಪ್ಪ ಅಂಚು ಎಳೆಯ ಬೆನ್ನಿಗೆ ಒತ್ತುತ್ತಿತ್ತು. ಗೌರವ್ವನವರು ಬಂದು ಕೌದಿಯನ್ನು ಬೋರಲು ಹಾಕಿದರು. ಕೂಸು ನನ್ನ ಹಳೆಯ ಸೀರೆಯ ಮೇಲೆ ಕ್ಷಣದಲ್ಲಿ ನಿದ್ದೆ ಹೋಯಿತು. ನಿಮ್ಮ ಅಜ್ಜ ಕೆಳಗೆ ಉಳಿದರು. ಎಲ್ಲ ಮನೆಗಳಲ್ಲೂ ನೆಲ ಹಾಸಿ ಕೆಳಗೇ ಉಳಿದವರು. ಬೇಸರ ಮಾಡಿಕೊಂಡಿರಲಾರರು ಎಂದು ನನ್ನನ್ನು ನಾನು ಸಮಾಧಾನ ಮಾಡಿಕೊಂಡೆ.

ಕಾವೇರಿ, ಮಲ್ಲು, ನಡೆದದ್ದು ಇಷ್ಟು. ಈ ಹಾಳೆಗಳನ್ನು ಜೋಪಾನವಾಗಿ ಇಡಿ. ಆ ಕೂಸು ದೊಡ್ಡವಳಾಗಿ ಕೇಳಿದರೆ ಓದಿ ಹೇಳಿ. ಆದರೆ ನನ್ನ ಕೈಗೆ ಸಿಗದ ಕಡೆ ಇಡಿ. ಶೈಲಾ ನಿನ್ನೆ ಫೋನಿನಲ್ಲಿ ಹೊಸದೊಂದು ಒಗಟು ಕಳಿಸಿದ್ದಾಳೆ, ಮನೆಯಲ್ಲಿ ಲಗ್ನಪತ್ರಿಕೆಗಳೆಲ್ಲ ಮುಗಿದಿವೆ, ಮತ್ತು ಈ ಕಾಗದ ಒಳ್ಳೆಯ ದಪ್ಪವಾಗಿದೆ.