ಪುಷ್ಪಾವತಿ ಅಂಗಾತ ಬಿದ್ದದ್ದು

ಲೋಕನಾಥ ಬಚ್ಚಲಿನಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಕೆಟಿನಲ್ಲಿ ನೆನೆಹಾಕಿದ್ದ ತೆಂಗಿನ ನಾರಿನ ಪುಡಿಯನ್ನು ಹಿಂಡುತ್ತಿದ್ದ. ಹಿಡಿಹಿಡಿಯಾಗಿ ತೆಗೆದು, ಅವಲಕ್ಕಿ ಹಿಂಡುವಷ್ಟೇ ನಾಜೂಕಾಗಿ ನೀರಿಳಿಸಿ, ಹಳೆಯ ಪೇಪರಿನ ಮೇಲೆ ಹರವುತ್ತಿದ್ದ. ತೀರ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ತೀರ ಒಣಗಿದರೆ ಒಳಗಿರುವವಳಿಗೆ ಆಗಿಬರುವುದಿಲ್ಲ.

ಒಳಗಿರುವವಳೆಂದರೆ ಟರಾಂಟುಲಾ. ಅಂಗೈಯಗಲದ, ಮೈತುಂಬ ರೋಮದ ಜೇಡ. ಖಾರಘರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಮಗಳು ಪ್ರೇಕ್ಷಾ, ಯಾರೋ ಗೆಳತಿ ಸಾಕಲಾರದೆ ಬಿಟ್ಟದ್ದನ್ನು ಹಾಸ್ಟೆಲಿಗೆ ತಂದಳು. ಹಾಸ್ಟೆಲಿನವರು “ಅದು ಇರಬೇಕು, ಇಲ್ಲ ನೀನು” ಎಂದಾಗ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ತಂದಿಟ್ಟುಹೋದಳು. ಲೋಕನಾಥ ಮಾಜಿವಾಡಾದ ಉಡುಪಿ ಹೋಟೆಲಿನ ಮ್ಯಾನೇಜರು. ಹೋಟೆಲಿನಲ್ಲಿ ಒಂದು ಜಿರಳೆ ಕಂಡರೆ ಅಡುಗೆಮನೆಯನ್ನೇ ತಲೆಕೆಳಗೆ ಮಾಡುವ ಮನುಷ್ಯ, ಮನೆಗೆ ಬರುವಾಗ ಡಬ್ಬದಲ್ಲಿ ಜೀವಂತ ಮಿಡತೆ ಹಿಡಿದುಕೊಂಡು ಲೋಕಲ್ ರೈಲು ಹತ್ತುವವನಾದ. ಗಾಜಿನ ಪೆಟ್ಟಿಗೆಗೆ ನಾರಿನ ಪುಡಿ ಹಾಸಿದ, ಅಡಗಿಕೊಳ್ಳಲು ಗೆರಟೆಯ ಹೋಳು ಬೋರಲು ಹಾಕಿದ, ನೀರಿಗೆ ಹೋಟೆಲಿನ ಚಟ್ನಿ ಬಟ್ಟಲು ಇಟ್ಟ. ಕೈಹಿಡಿದ ಹೆಂಡತಿ ವಿಮಲಾಳಿಗೂ ಇಷ್ಟು ಅಚ್ಚುಕಟ್ಟಾಗಿ ಸಂಸಾರ ಹೂಡಿಕೊಟ್ಟಿರಲಿಲ್ಲ.

ಹೆಸರಿಟ್ಟದ್ದೂ ಅವನೇ. ಮೊದಲ ದಿನ ಅದು ಮೂಲೆಯಲ್ಲಿ ಕಾಲೆಲ್ಲ ಒಟ್ಟುಮಾಡಿ ಕುಳಿತು, ಅಲ್ಲಾಡದೆ, ಮನೆಯಲ್ಲಿ ನಡೆಯುವುದನ್ನೆಲ್ಲ ನೋಡುತ್ತಿತ್ತು. ಲೋಕನಾಥನ ಬಾಯಿಂದ “ಥೇಟ್ ಪುಷ್ಪಾವತಿ!” ಎಂದು ಬಂದುಬಿಟ್ಟಿತು. ಪ್ರೇಕ್ಷಾ ಬಿದ್ದು ಬಿದ್ದು ನಕ್ಕಳು. ವಿಮಲಾ ನಗಲಿಲ್ಲ. ಪುಷ್ಪಾವತಿ ಅವಳ ತಾಯಿಯ ಹೆಸರು.

ಆ ತಾಯಿಯೋ ಸೀವುಡ್ಸಿನಲ್ಲಿ ಮಗನ ಮನೆಯಲ್ಲಿದ್ದವರು, ನಾಲ್ಕು ವರ್ಷದಿಂದ ಅಳಿಯನ ಹೊಸ್ತಿಲು ತುಳಿದಿರಲಿಲ್ಲ. ಒಂದು ಮದುವೆಯಲ್ಲಿ ಲೋಕನಾಥ ಪಕ್ಕದವರ ಕಿವಿಯಲ್ಲಿ “ನಮ್ಮ ಅತ್ತೆ ಕೂತರೆ ಕಡೆಯುವ ಕಲ್ಲು, ಬಾಯಿ ತೆರೆದರೆ ಗಿರಣಿ” ಅಂದಿದ್ದ. ಕೈಯಲ್ಲಿದ್ದ ಮೈಕು ಆನ್ ಇತ್ತು. ವಿಮಲಾ ಬೇಡಿ, ಅತ್ತು, ಈಗ ಅಂತೂ ಅವರು ಒಂದು ತಿಂಗಳು ಇರಲು ಒಪ್ಪಿದ್ದರು. ಅವರನ್ನು ಕರೆತರಲು ಬೆಳಿಗ್ಗೆಯೇ ಹೊರಟ ವಿಮಲಾ ಚಪ್ಪಲಿ ಮೆಟ್ಟುತ್ತಾ ನೂರನೆಯ ಸಲ ಹೇಳಿದ್ದಳು: “ಆ ಹುಳಕ್ಕೆ ಬೇರೆ ಹೆಸರಿಡಿ. ಅಮ್ಮನ ಕಿವಿಗೆ ಬಿದ್ದರೆ ಈ ಜನ್ಮದಲ್ಲಿ ಮತ್ತೆ ಬರುವವರಲ್ಲ. ನಾನೂ ಅವರ ಹಿಂದೆಯೇ ಹೋಗ್ತೇನೆ.”

ಬೇರೆ ಹೆಸರು ಸಿಕ್ಕಿದರಲ್ಲವೆ? ರಾಣಿ ಎಂದರೆ ಹೋಟೆಲ್ ಧಣಿಯ ಹೆಂಡತಿ, ಕಲ್ಯಾಣಿ ಎಂದರೆ ವಿಮಲಾಳ ದೊಡ್ಡಮ್ಮ. ಹೆಸರು ಗಟ್ಟಿಯಾಗದೆ ಬಿಲ್ಡಿಂಗಿನ ಸೊಸೈಟಿಗೆ ಕೊಡಬೇಕಾದ ಪತ್ರವೂ ನಿಂತಿತ್ತು. ಸಾಕುಪ್ರಾಣಿ ಇದ್ದವರು ಅದರ ಜಾತಿ, ಹೆಸರು, ಜವಾಬ್ದಾರರ ಸಹಿ ಸಮೇತ ಬರೆದುಕೊಡಬೇಕೆಂದು ನಿಯಮ. ಎದುರು ಮನೆಯ ಸೆಕ್ರೆಟರಿ ಬಾಲಪ್ಪ ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ, “ಲೋಕನಾಥ್, ಆ ನಿಮ್ಮ ಹುಳದ ಪತ್ರ ಎಲ್ಲೈತ್ರೀ?” ಎಂದು ಕೇಳುತ್ತಲೇ ಇದ್ದರು. ಲೋಕನಾಥ “ನಾಳೆ ಕೊಡ್ತೇನೆ ಮಾರಾಯ್ರೆ” ಎನ್ನುತ್ತಲೇ ಇದ್ದ. ಮಳೆಗಾಲ ಹೋಗಿ ಚಳಿ ಬಂದು ಸೆಕೆಯೂ ಶುರುವಾಗಿತ್ತು.

ಪುಡಿ ಹದವಾಯಿತೆಂದು ಲೋಕನಾಥ ಎದ್ದು ಪೆಟ್ಟಿಗೆಯ ಮುಚ್ಚಳ ತೆಗೆದ. ಎಂಟೂ ಕಾಲು ಮೇಲೆ ಮಾಡಿ, ಮಗುಚಿಬಿದ್ದ ಮೇಜಿನ ಹಾಗೆ, ಅವಳು ಅಂಗಾತ ಬಿದ್ದಿದ್ದಳು.

ಮನೆಯೊಳಗೆ ಅವನ ಫೋನಿಗೆ ರೇಂಜು ಸಿಗುತ್ತಿರಲಿಲ್ಲ. ಒದ್ದೆ ಕೈಯಲ್ಲೇ ಲಿಫ್ಟಿನ ಬಳಿಗೆ ಓಡಿದ. ಮಗಳು ಎತ್ತಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ತೆಗೆದ ಫೋಟೋ ಕಳಿಸಿ, ಧ್ವನಿ ಮುದ್ರಿಸುವ ಗುಂಡಿ ಒತ್ತಿ, ದೂರದ ಊರಿಗೆ ಕೂಗುವವನ ಹಾಗೆ ಕೂಗಿದ:

“ಮಗಾ, ಪುಷ್ಪಾವತಿ ಹೋದಳು! ಅಂಗಾತ ಬಿದ್ದಿದ್ದಾಳೆ!”

ಎದುರಿನ ಬಾಗಿಲು ತೆರೆಯಿತು. ಬಾಲಪ್ಪ ಬನಿಯನ್ನಿನಲ್ಲೇ ಹೊರಬಂದರು. ವಿಜಯಪುರದ ಕಡೆಯವರು, ರೈಲ್ವೆಯಲ್ಲಿ ರಿಟೈರಾದವರು. ಕನ್ನಡ ಸಂಘದ ವಾಟ್ಸಾಪ್ ಗುಂಪು ಅವರ ಕೈಯಲ್ಲಿತ್ತು. ಅದರಲ್ಲಿ ಹುಟ್ಟುಹಬ್ಬ ಮರೆತಾರು, ಸಾವು ಮರೆಯುವವರಲ್ಲ. ಪುಷ್ಪಾವತಿಯಮ್ಮ ಬರುತ್ತಾರೆಂದು ವಿಮಲಾ ವಾರದಿಂದ ಬಿಲ್ಡಿಂಗಿಗೆಲ್ಲ ಹೇಳಿದ್ದು ಅವರಿಗೂ ಗೊತ್ತು, ಬಂದಾಗಿದೆಯೆಂದೇ ತಿಳಿದರು. ಪೆಟ್ಟಿಗೆಯ ಹುಳದ ಹೆಸರು ಮಾತ್ರ ಗೊತ್ತಿರಲಿಲ್ಲ.

“ಯಪ್ಪಾ! ಯಾವಾಗ ಹೋದ್ರು?”

“ರಾತ್ರಿಯೇ ಇರಬೇಕು. ಈಗ ನೋಡಿದರೆ ಹೀಗೆ.” ಲೋಕನಾಥನ ಕಣ್ಣು ತುಂಬಿತ್ತು. ಜೇಡಕ್ಕಾಗಿ ಅಳುತ್ತಿದ್ದೇನಲ್ಲ ಎಂದು ನಾಚಿ ಮುಖ ತಿರುಗಿಸಿದ.

“ಊಟ ಗೀಟ ಮಾಡಿದ್ರೇನು?”

“ಎಲ್ಲಿಯ ಊಟ! ಮೂರು ವಾರದಿಂದ ಏನೂ ಮುಟ್ಟಿರಲಿಲ್ಲ. ನಿನ್ನೆ ನಾನು ನೀರು ಹಾಕಿದ್ದು ಜಾಸ್ತಿಯಾಯಿತೋ ಏನೋ.”

“ಈ ವಯಸ್ಸಿನಾಗ ತಣ್ಣೀರು ಹಾಕಬಾರದ್ರೀ! ಡಾಕ್ಟರಿಗೆ ಕರೀಲಿಲ್ಲೇನು?”

“ಇದಕ್ಕೆಲ್ಲ ಯಾವ ಡಾಕ್ಟರು ಬರ್ತಾರೆ?”

ಬಾಲಪ್ಪ ಹುಬ್ಬೇರಿಸಿದರು. ಅತ್ತೆಯನ್ನು ‘ಅವಳು’, ‘ಇದು’ ಎನ್ನುತ್ತಾನಲ್ಲ! ದುಃಖದಲ್ಲಿ ನಾಲಗೆಗೆ ಮರ್ಯಾದೆ ಎಲ್ಲಿ ಎಂದುಕೊಂಡು, “ಒಮ್ಮೆ ಮುಖ ನೋಡಿ ಬರಲೇನು?” ಎಂದರು.

“ಬೇಡ, ಹತ್ತಿರ ಹೋಗಬೇಡಿ. ಅವಳ ರೋಮ ತಾಗಿದರೆ ಮೈಯೆಲ್ಲ ತುರಿಕೆ ಏಳುತ್ತದೆ.”

ಬಾಲಪ್ಪ ಹಿಂದಕ್ಕೆ ಸರಿದು ಹೊಸ್ತಿಲೊಳಗೆ ನಿಂತರು. “ಹಂಗಾರ ಮುಂದಿನ ಕೆಲಸ?”

“ಕೆಳಗೆ ಗುಲಾಬಿಯ ಬುಡದಲ್ಲಿ ಹೂಳುತ್ತೇನೆ. ವಿಮಲಾ ಬರುವುದರೊಳಗೆ ಮುಗಿಸಬೇಕು.”

“ಸೊಸೈಟಿ ಕಂಪೌಂಡಿನಾಗ? ಏನ್ ಮಾತಾಡ್ತೀರ್ರೀ! ಪರ್ಮಿಷನ್ ಇಲ್ಲ! ನೀವು ತಲಿ ಕೆಡಿಸ್ಕೋಬ್ಯಾಡ್ರಿ, ಎಲ್ಲಾ ನಾ ನೋಡ್ಕೋತೇನಿ.”

ಜೇಡದ ಸಾವಿಗೂ ಮರುಗುವ ಇಂಥ ದೊಡ್ಡ ಮನಸ್ಸಿನವರಿಗೆ ಒಂದು ಪತ್ರ ಕೊಡದೆ ಸತಾಯಿಸಿದೆನಲ್ಲ ಎಂದು ಲೋಕನಾಥನಿಗೆ ನಾಚಿಕೆಯಾಯಿತು. ಒಳಗೆ ಬಂದು ಪೆಟ್ಟಿಗೆಗೆ ಬಿಳಿ ಬಟ್ಟೆ ಹೊದಿಸಿದ. ದುಃಖದ ಅಡಿಯಲ್ಲಿ ಸಣ್ಣದೊಂದು ನೆಮ್ಮದಿಯೂ ಇತ್ತು. ಇನ್ನು ಹೆಸರಿನ ತೊಂದರೆಯೇ ಇಲ್ಲ! ಆ ನೆಮ್ಮದಿಗೂ ನಾಚಿದ. ಪರ್ಮಿಷನ್ ಇಲ್ಲದಿದ್ದರೆ ಏನು, ಅಂಗೈಯಷ್ಟು ಗುಂಡಿಗೆ ಯಾರ ಅಪ್ಪಣೆ ಬೇಕು ಎಂದು ಅಡುಗೆಮನೆಯ ಸೌಟು ಹಿಡಿದು ಕೆಳಗಿಳಿದ.

ಗುಲಾಬಿಯ ಬುಡ ಕೆದಕುವಷ್ಟರಲ್ಲಿ ವಾಚ್‌ಮನ್ ಓಡಿ ಬಂದ. “ಸಾಬ್, ಸೆಕ್ರೆಟರಿ ಸಾಬ್ ಕಾ ಆರ್ಡರ್ ಹೈ. ಇಧರ್ ಕಿಸೀಕೋ ಗಾಡ್‌ನೇಕಾ ನಹೀಂ.” ಇಲ್ಲಿ ಯಾರನ್ನೂ ಹೂಳಕೂಡದು ಎಂದವನು ಸೌಟು ನೋಡಿ, “ಔರ್ ಇಸ್‌ಸೇ ಕೈಸಾ ಹೋಗಾ?” ಇದರಿಂದ ಹೇಗಾದೀತು ಎಂದು ಕೆಳದನಿಯಲ್ಲಿ ಕೇಳಿದ.

ಲೋಕನಾಥ ಹೊರಗೆಲ್ಲಾದರೂ ಅಂಗೈಯಷ್ಟು ಮಣ್ಣು ಸಿಕ್ಕೀತೇ ಎಂದು ಎರಡು ಗಂಟೆ ಅಲೆದು, ಮಣ್ಣು ಮೆತ್ತಿದ ಸೌಟಿನೊಂದಿಗೆ ಮೇಲೆ ಬಂದ. ಲಿಫ್ಟು ಸಿಗಲಿಲ್ಲ, ಮೆಟ್ಟಿಲು ಹತ್ತಿದ. ತನ್ನ ಮಹಡಿಗೆ ಬಂದು ನೋಡುತ್ತಾನೆ! ಪ್ಯಾಸೇಜಿನ ತುಂಬ ಚಪ್ಪಲಿ. ಬಾಡಿಗೆ ಕುರ್ಚಿಗಳ ಮೇಲೆ ಸಂಘದ ಹಿರಿಯರು. ಹೋಟೆಲಿನ ಅಡುಗೆಭಟ್ಟ ಗುರುವಪ್ಪ ಇಷ್ಟು ದೊಡ್ಡ ಚಹಾದ ಕ್ಯಾನ್ ಹೊತ್ತು ತಂದು ಮೂಗೊರೆಸುತ್ತಿದ್ದ.

“ಅಣ್ಣ, ಇದೆಂತ ಮಾಡಿದಿರಿ? ಮಾತು ಬಿಟ್ಟದ್ದು ಹೌದು. ಹಾಗಂತ ಸ್ವಂತ ಅತ್ತೆಗೆ ಸೌಟಲ್ಲಿ ಗುಂಡಿ ತೋಡುದಾ?”

“ಅತ್ತೆಗಾ?”

ಆಗ ಕಂಡಿತು. ಸ್ಟೂಲಿನ ಮೇಲೆ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ ಫೋಟೋ. ಸಂಘದ ಸನ್ಮಾನದಲ್ಲಿ ಶಾಲು ಹೊದ್ದ ಅತ್ತೆ ಪುಷ್ಪಾವತಿ. ಕೊರಳಿಗೆ ಸೇವಂತಿಗೆಯ ಮಾಲೆ, ಮುಂದೆ ಊದುಬತ್ತಿ. ಬಾಲಪ್ಪ ನಿಂತು ಗದ್ಗದ ದನಿಯಲ್ಲಿ, “ಅಂಥಾ ತಾಯಿ ಸಿಗೂದಿಲ್ಲ. ಬಾಯಿ ಸ್ವಲ್ಪ ಜೋರು ಇತ್ತು ಅಂತಾರ, ಆದ್ರ...” ಎನ್ನುತ್ತಿದ್ದರು. ಇಡೀ ಮುಂಬಯಿಗೆ ಹೋಗಿದ್ದ ‘ಭಾವಪೂರ್ಣ ಶ್ರದ್ಧಾಂಜಲಿ’ ಅವರ ಫೋನಿನಲ್ಲಿ ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಲೋಕನಾಥ ಬಾಯಿ ತೆರೆದ. ಲಿಫ್ಟಿನ ಬಾಗಿಲೂ ತೆರೆಯಿತು.

ಮೊದಲು ಹಲಸಿನ ಹಪ್ಪಳದ ಚೀಲ ಹೊರಬಂತು. ಹಿಂದೆ ಪುಷ್ಪಾವತಿ. ಅವರ ಹಿಂದೆ, ರೈಲಿನ ಲೇಡೀಸ್ ಡಬ್ಬದ ನೂಕುನುಗ್ಗಲಲ್ಲಿ ಫೋನು ಬಡಿದುಕೊಂಡದ್ದು ಕೇಳದೇ ಹೋದ ವಿಮಲಾ.

ಗುರುವಪ್ಪನ ಕೈಯ ಲೋಟ ಬಿತ್ತು. ಹಿರಿಯರೊಬ್ಬರು ಎದ್ದು ನಿಂತವರು ಮತ್ತೆ ಕುಳಿತರು.

“ಏರ್ ಸೈತಿನಿ?” ಎಂದರು ಪುಷ್ಪಾವತಿ ತುಳುವಿನಲ್ಲಿ. ಸತ್ತದ್ದು ಯಾರು? ಫೋಟೋದ ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ ನೋಡಿದರು. “ಓ, ನಾನಾ? ಬಾಯಿ ಜೋರು ಅಂತ ಯಾರು ಹೇಳಿದ್ದು?”

ಬಾಲಪ್ಪ ಬೆವರೊರೆಸಿಕೊಂಡು ಲೋಕನಾಥನತ್ತ ಬೆರಳು ತೋರಿಸಿದರು. “ಪುಷ್ಪಾವತಿ ಹೋದಳು ಅಂತ ಇವ್ರೇ ಒದರಿದ್ರು! ಕಣ್ಣೀರೂ ಹಾಕಿದ್ರು!”

ಎಲ್ಲರೂ ಲೋಕನಾಥನನ್ನು ನೋಡಿದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬ ಗಾದೆ ಇವನಿಗೇ ಮಾಡಿದ್ದು. ಬಿಡದಿದ್ದರೂ ಇವತ್ತು ಬಣ್ಣ ಉಳಿಯುವಂತಿರಲಿಲ್ಲ.

“ಅದು... ಅತ್ತೆ... ಜೇಡ,” ಎಂದ ಸೌಟು ಬೆನ್ನ ಹಿಂದೆ ಮರೆಮಾಡುತ್ತಾ. “ಸತ್ತದ್ದು ಜೇಡ.”

“ಜೇಡಕ್ಕೆ ಯಾಕೆ ನನ್ನ ಹೆಸರು, ಅಳಿಯಂದಿರೇ?”

“ಅದು ಹೂವಿನ ಹಾಗೆ... ಮೆತ್ತಗೆ...”

ಪ್ಯಾಸೇಜಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು. ವಿಮಲಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೆಲ ಬಾಯಿ ಬಿಟ್ಟಿದ್ದರೆ ಲೋಕನಾಥ ಒಳಗೆ ಹೋಗಿ ಮೇಲಿಂದ ತಾನೇ ನಾರಿನ ಪುಡಿ ಎಳೆದುಕೊಳ್ಳುತ್ತಿದ್ದ.

“ನಡೆಯಿರಿ. ನನ್ನ ಹೆಣ ನಾನೂ ನೋಡ್ತೇನೆ,” ಎಂದು ಪುಷ್ಪಾವತಿ ಮುಂದೆ ನಡೆದರು. ಶ್ರದ್ಧಾಂಜಲಿಗೆ ಬಂದವರೆಲ್ಲ ಹಿಂದೆ. ಅವರೇ ಬಿಳಿ ಬಟ್ಟೆ ಸರಿಸಿದರು.

ಪೆಟ್ಟಿಗೆಯಲ್ಲಿ ಎರಡು ಜೇಡ! ಒಂದು ಬಿದ್ದಲ್ಲೇ ಬಿದ್ದಿತ್ತು, ಖಾಲಿ ಅಂಗಿಯ ಹಾಗೆ. ಇನ್ನೊಂದು ಅದರ ಪಕ್ಕದಲ್ಲೇ ಹೊಸ ರೋಮ ಮಿರಿಮಿರಿ ಮಿಂಚಿಸುತ್ತಾ, ಎಣ್ಣೆಸ್ನಾನ ಮುಗಿಸಿದ ಮದುಮಗಳಂತೆ ಸುಧಾರಿಸಿಕೊಳ್ಳುತ್ತಿತ್ತು.

ಅಷ್ಟರಲ್ಲಿ ಬಾಲಪ್ಪನವರ ಫೋನಿಗೇ ಪ್ರೇಕ್ಷಾಳ ಕರೆ ಬಂತು. ಅವರು ಸ್ಪೀಕರಿಗೆ ಹಾಕಿದರು.

“ಅಂಕಲ್, ಪಪ್ಪಾ ಕಾ ಫೋನ್ ನಹೀಂ ಲಗ್ ರಹಾ, ಸಿಗ್ತಾನೇ ಇಲ್ಲ. ಪ್ಲೀಸ್ ಬೋಲೋ, ಹೂಳಬೇಡಿ ಅಂತ! ಮರಾ ನಹೀಂ ಹೈ, ಸತ್ತಿಲ್ಲ! ಅದು ಪೊರೆ ಬಿಡ್ತಾ ಇರೋದು. ಅದಕ್ಕೇ ಊಟ ಬಿಟ್ಟದ್ದು, ಅದಕ್ಕೇ ಅಂಗಾತ ಮಲಗಿದ್ದು. ಈಗಿನ ಫೋಟೋ ಕಳಿಸಿ.”

ಬಾಲಪ್ಪ ಫೋಟೋ ಕಳಿಸಿದರು. ಆ ಕಡೆಯಿಂದ ಕಿಲಕಿಲ ನಗು.

“ಪಪ್ಪಾ! ಮುಂದಿನ ಕಾಲಲ್ಲಿ ಕೊಕ್ಕೆ ಇದೆ ನೋಡಿ. ಬಾಯಿಯ ಹತ್ರದ ಪುಟ್ಟ ಕೈಗಳ ತುದಿ ದಪ್ಪ ಆಗಿದೆ. ಇದು ಹೆಣ್ಣಲ್ಲ, ಗಂಡು! ಬೆಳೆದ ಮೇಲೇ ಗೊತ್ತಾಗೋದು.”

“ಗಂಡಾದರೆ ಇನ್ನು ಹೇಗೆ ಮಗಾ?” ಪುಷ್ಪಾವತಿ ಫೋನಿನ ಹತ್ತಿರ ಬಗ್ಗಿ ಕೇಳಿದರು.

“ಅಜ್ಜೀ? ನೀವು ಬಂದ್ರಾ? ಇನ್ನು ಅದು ಒಂದು ಕಡೆ ಕೂರಲ್ಲ ಅಜ್ಜಿ. ಸರಿಯಾಗಿ ತಿನ್ನಲ್ಲ, ಸುಮ್ಮನೆ ಅತ್ತಿತ್ತ ತಿರುಗ್ತಾ ಇರುತ್ತೆ. ಬಸ್.”

ಪುಷ್ಪಾವತಿ ಪೆಟ್ಟಿಗೆಯನ್ನು ನೋಡಿದರು. ಮಣ್ಣಿನ ಸೌಟು ಹಿಡಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಅತ್ತಿತ್ತ ಸರಿಯುತ್ತಿದ್ದ ಅಳಿಯನನ್ನು ನೋಡಿದರು. ಮತ್ತೆ ಪೆಟ್ಟಿಗೆಯನ್ನು ನೋಡಿದರು.

“ಹೆಸರು ಹುಡುಕಲಿಕ್ಕೇ ಇಲ್ಲ,” ಎಂದರು.

ಕುರ್ಚಿ ಹಿಂದೆ ಹೋದವು, ಚಹಾ ಮುಗಿಯಿತು. ಹೊರಡುವಾಗ ಬಾಲಪ್ಪ ನೊಂದು ಹೇಳಿದರು: “ಪತ್ರ ಟೈಮಿಗೆ ಕೊಟ್ಟಿದ್ರ ಹುಳದ ಹೆಸರು ನನಗ ಗೊತ್ತಿರತಿತ್ತು. ಇಷ್ಟೆಲ್ಲಾ ಆಗತಿತ್ತೇನ್ರೀ? ಇವತ್ತ ಕೊಡಬೇಕು ನೋಡ್ರಿ.”

“ಈಗಲೇ ಬರೆಯಿರಿ, ಅಳಿಯಂದಿರೇ,” ಎಂದು ಪುಷ್ಪಾವತಿ ಅವನ ಕುರ್ಚಿಯಲ್ಲೇ ಗಟ್ಟಿಯಾಗಿ ಕುಳಿತು ಹೇಳುತ್ತಾ ಹೋದರು. ಮೂಲೆಯಲ್ಲಿ ಅಲ್ಲಾಡದೆ, ಎಲ್ಲವನ್ನೂ ನೋಡುತ್ತಾ. ಲೋಕನಾಥ ತಲೆಯೆತ್ತದೆ ಬರೆದ. ಜವಾಬ್ದಾರರು ಯಾರು ಎಂಬಲ್ಲಿ ಅವನ ಪೆನ್ನು ನಿಂತಿತು.

“ಅದು ನಾನೇ. ಒಂದು ತಿಂಗಳಂತ ಬಂದೆ. ಆದರೆ ಇವನನ್ನು ಬಿಟ್ಟು ಹೇಗೆ ಹೋಗುದು? ಇಲ್ಲೇ ಇರ್ತೇನೆ.”

ನಾಲ್ಕು ವರ್ಷದ ಮೇಲೆ ವಿಮಲಾ ತಾಯಿಯ ಹೆಗಲಿಗೊರಗಿ, ಅಳುತ್ತಾ ನಕ್ಕಳು.

ಲೋಕನಾಥ ಪತ್ರ ಮಡಚಿಕೊಂಡು ಕೆಳಗಿಳಿದ. ಸೊಸೈಟಿ ಆಫೀಸಿನ ಡಬ್ಬಿಯ ಮುಂದೆ ನಿಂತು ಕೊನೆಯ ಸಲ ಬಿಡಿಸಿ ಓದಿದ. ‘ಪ್ರಾಣಿ: ಜೇಡ, ಗಂಡು. ಹೆಸರು: ಲೋಕನಾಥ. ಸ್ವಭಾವ: ಕಚ್ಚುವುದಿಲ್ಲ, ಕೆಲಸಕ್ಕೂ ಬಾರದು. ಜವಾಬ್ದಾರರು: ಶ್ರೀಮತಿ ಪುಷ್ಪಾವತಿ.’ ನಾಳೆ ಇದು ನೋಟೀಸ್ ಬೋರ್ಡಿನ ಮೇಲೆ ಬರುತ್ತದೆ. ಹಿಂದಿರುಗಿ ಹೋಗಿಬಿಡಲೇ ಎಂದು ಒಂದು ಹೆಜ್ಜೆ ಇಟ್ಟ.

ಮೇಲಿನ ಬಾಲ್ಕನಿಯಿಂದ ಅತ್ತೆಯ ದನಿ ಕಂಪೌಂಡು ತುಂಬ ಕೇಳಿಸಿತು: “ವಿಮಲಾ, ಲೋಕನಾಥನ ನೀರಿನ ಬಟ್ಟಲು ತೊಳೆದೆಯಾ?”

ವಾಚ್‌ಮನ್ ತಲೆಯೆತ್ತಿ ಬಾಲ್ಕನಿಯನ್ನು ನೋಡಿದ, ತಗ್ಗಿಸಿ ಲೋಕನಾಥನನ್ನು ನೋಡಿದ.

ಲೋಕನಾಥ ಕಣ್ಣು ಮುಚ್ಚಿಕೊಂಡು ಪತ್ರವನ್ನು ಡಬ್ಬಿಗೆ ಹಾಕಿದ.