ಊಟಕ್ಕೆ ಕರೆಯುವ ನಮ್ಮ ಮಾಮಾ

ನಮ್ಮ ಸೋದರಮಾವ ಈವರೆಗೆ ಏನಿಲ್ಲೆಂದರೂ ಅರ್ಧ ಕೊಪ್ಪಳ ಜಿಲ್ಲೆಯನ್ನು ಊಟಕ್ಕೆ ಕರೆದಿದ್ದಾನೆ. ಉಣಿಸಿದ್ದು ಮಾತ್ರ ಒಬ್ಬನಿಗೆ! ಅದೂ ಕೈತಪ್ಪಿ.

ಹೀಗೆಂದ ಕೂಡಲೇ ಅವನನ್ನು ಜಿಪುಣ ಅಂದುಕೊಳ್ಳಬೇಡಿ. ನಮ್ಮ ಕಡೆ ಒಂದು ಪದ್ಧತಿ ಇದೆ. ಉಣ್ಣಲು ಕುಳಿತವನ ಕಣ್ಣಿಗೆ ಯಾರೇ ಬೀಳಲಿ, ಅವನು "ಬರ್ರಿ, ಊಟ ಮಾಡೂಣು" ಅನ್ನಬೇಕು. ಎದುರಿನವನು "ಮಾಡ್ರಿ ಮಾಡ್ರಿ, ನಮ್ಮದಾತು" ಅನ್ನಬೇಕು. ಅಲ್ಲಿಗೆ ಇಬ್ಬರೂ ಬಿಡುಗಡೆಯಾದರು. ಎದುರಿನವನ ಹೊಟ್ಟೆ ಬೆನ್ನಿಗೆ ಹತ್ತಿದ್ದರೂ ಅವನು ಬರುವುದಿಲ್ಲ, ಬರಬಾರದು. ಕರೆಯುವುದು ಇವನ ಧರ್ಮ, ಬರದೆ ಇರುವುದು ಅವನ ಮರ್ಯಾದೆ. ಹೊಲದಲ್ಲಿ, ಮನೆಯ ಕಟ್ಟೆಯ ಮೇಲೆ, ರೈಲಿನಲ್ಲಿ ಇದೆಲ್ಲ ಬಲು ಚೆಂದ. ಆದರೆ ಖಾನಾವಳಿಯಲ್ಲಿ? ಅಲ್ಲಿಗೆ ಬಂದವರೆಲ್ಲ ಉಣ್ಣಲೆಂದೇ ಬಂದಿರುತ್ತಾರೆ, ಎಲ್ಲರ ಮುಂದೆಯೂ ಅವರವರ ತಾಟು ಇರುತ್ತದೆ. ಅಲ್ಲಿಯೂ ಎದ್ದು ನಿಂತು ಮಂದಿಯನ್ನು ಊಟಕ್ಕೆ ಕರೆಯುವ ಮನುಷ್ಯ ಯಾರಾದರೂ ಇದ್ದಾನೆಯೇ? ಇದ್ದಾನೆ, ನಮ್ಮ ಮಾಮಾ!

ಮಾಮಾ ಮದುವೆಯಾಗಲಿಲ್ಲ. ಮುನಿರಾಬಾದಿನಲ್ಲಿ ಕಾಲುವೆಯ ನೀರಿನ ಮಟ್ಟ ನೋಡಿ ಬರೆದಿಡುವ ನೌಕರಿ ಮಾಡಿ, ನಿವೃತ್ತನಾಗಿ, ಈಗ ಕೊಪ್ಪಳದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ಕೋಣೆಯಲ್ಲಿ ಗ್ಯಾಸ್ ಒಲೆಯೇನೋ ಇದೆ, ಅದರ ಮೇಲೆ ಚಹಾ ಬಿಟ್ಟು ಬೇರೆ ಏನೂ ಕುದಿದದ್ದನ್ನು ನಾನು ಕಂಡಿಲ್ಲ. ಊಟವೆಲ್ಲ ಬಸ್‌ಸ್ಟ್ಯಾಂಡಿನ ಹಿಂದಿನ ಖಾನಾವಳಿಯಲ್ಲಿ. ನಾನು ಅದೇ ಊರಿನ ಒಂದು ಆಫೀಸಿನಲ್ಲಿ ಗುಮಾಸ್ತ, ತಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಡುವವನು. ಹೀಗಾಗಿ ಮಧ್ಯಾಹ್ನದ ನನ್ನ ಊಟವೂ ಅವನ ಜೊತೆ. ಊಟ ಅನ್ನುವುದಕ್ಕಿಂತ ಉಪವಾಸ ಅನ್ನುವುದೇ ಸರಿ!

ಯಾಕೆಂದರೆ ತಾಟು ಬಂದ ಮೇಲೆಯೇ ಮಾಮಾನ ಕೆಲಸ ಶುರು. ಬಿಸಿ ರೊಟ್ಟಿ ಹಬೆಯಾಡುತ್ತಿರುತ್ತದೆ, ಎಣ್ಣೆಗಾಯಿಯ ವಾಸನೆ ಮೂಗಿಗೆ ಬಡಿಯುತ್ತಿರುತ್ತದೆ, ನನ್ನ ಕೈ ರೊಟ್ಟಿಯ ಹತ್ತಿರ ಹೋಗಿರುತ್ತದೆ. "ಅಳಿಯಾ, ತಡಿ" ಅನ್ನುತ್ತಾನೆ. ಎದ್ದು ನಿಂತು ಮೂಲೆಯ ಟೇಬಲ್ಲಿನಿಂದ ಹಿಡಿದು ಒಬ್ಬೊಬ್ಬರನ್ನೇ ಕರೆಯುತ್ತಾನೆ. ಬಾಯಲ್ಲಿ ತುತ್ತು ಇಟ್ಟುಕೊಂಡವರು ಅದನ್ನು ಗಬಕ್ಕನೆ ನುಂಗಿ ಉತ್ತರ ಕೊಡಬೇಕು. ನೀರು ಕುಡಿಯುತ್ತಿದ್ದವರಿಗೆ ನೆತ್ತಿ ಹತ್ತುತ್ತದೆ. ಉತ್ತರ ಕೊಡದವರ ಎದುರು ಮಾಮಾ ನಿಂತೇ ಇರುತ್ತಾನೆ. ಒಮ್ಮೆ ಒಬ್ಬ ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ತನ್ನ ಸಾಹೇಬರಿಂದ ಬೈಸಿಕೊಳ್ಳುತ್ತ ಉಣ್ಣುತ್ತಿದ್ದ. ಮಾಮಾ ಬಿಡಲಿಲ್ಲ. ಕೊನೆಗೆ ಅವನು "ಸರ್, ಒಂದ್ ನಿಮಿಷ ಬೈಯೂದು ನಿಲ್ಲಸ್ರಿ, ಯಾರೋ ಊಟಕ್ಕ ಕರ್ಯಾಕತ್ಯಾರ" ಅಂದ!

ಖಾನಾವಳಿ ನಡೆಸುವ ಅಕ್ಕ ಗಟ್ಟಿ ಹೆಂಗಸು. ಒಂದು ದಿನ ತಡೆಯದೆ ಕೇಳಿಯೇಬಿಟ್ಟಳು.

"ಯಪ್ಪಾ, ಎಲ್ಲಾರೂ ನನ್ನ ಖಾನಾವಳ್ಯಾಗ ಕುಂತು ಉಣ್ಣಾಕತ್ಯಾರ. ನೀವು ಮತ್ತ ಎಲ್ಲಿಗಿ ಕರೀತೀರಿ ಅವರನ್ನ?"

"ಊಟಕ್ಕ."

"ಉಣ್ಣಾಕತ್ಯಾರಲ್ರೀ!"

"ಅವರು ತಮ್ಮ ಊಟ ಉಣ್ಣಾಕತ್ಯಾರವಾ. ನಾ ನನ್ನ ಊಟಕ್ಕ ಕರ್ಯಾಕತ್ತೀನಿ."

ಅಕ್ಕ ಹಣೆ ಹಣೆ ಬಡಿದುಕೊಂಡು ಒಲೆಯ ಕಡೆ ಹೋದಳು. ಇಷ್ಟಕ್ಕೇ ಮುಗಿದಿದ್ದರೆ ಚಿಂತೆಯಿರಲಿಲ್ಲ. ನಡುವೆ ಹೊಸಬರು ಒಳಗೆ ಬಂದರೆ ಮಾಮಾ ಮತ್ತೆ ಏಳುತ್ತಾನೆ. ಯಲಬುರ್ಗಾ ಬಸ್ಸು ಬಂತೆಂದರೆ ಹದಿನೈದು ಮಂದಿ ಒಟ್ಟಿಗೆ ನುಗ್ಗುತ್ತಾರೆ. ಅವರನ್ನು ಕರೆದು ಮುಗಿಸುವಷ್ಟರಲ್ಲಿ ಕುಷ್ಟಗಿ ಬಸ್ಸು ಬಂದಿರುತ್ತದೆ!

ಇನ್ನು ಆ ಒಬ್ಬನ ಕಥೆ. ಅವನು ಯಲಬುರ್ಗಾ ಕಡೆಯ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಲು ಬಂದಿದ್ದ ಮೈಸೂರು ಸೀಮೆಯ ಹುಡುಗ, ಎಂಜಿನಿಯರು. ಜಾಗ ಸಿಗದೆ ಬಾಗಿಲಲ್ಲಿ ನಿಂತಿದ್ದ. ಮಾಮಾ ಎಂದಿನಂತೆ "ಬರ್ರಿ, ಊಟ ಮಾಡೂಣು" ಅಂದ. "ಅಯ್ಯೋ, ತುಂಬಾ ಉಪಕಾರ ಆಯ್ತು ಸಾರ್" ಅಂದ ಆ ಪುಣ್ಯಾತ್ಮ ಬಂದು ಎದುರಿಗೆ ಕುಳಿತೇಬಿಟ್ಟ! ಕುಳಿತವನು ಮಾಮಾನ ತಾಟನ್ನು ತನ್ನ ಕಡೆ ಎಳೆದುಕೊಂಡು ರೊಟ್ಟಿ ಮುರಿದ. ಇಡೀ ಖಾನಾವಳಿ ಉಣ್ಣುವುದು ಬಿಟ್ಟು ಈ ಕಡೆ ತಿರುಗಿತು. ಮಾಮಾ ಇಷ್ಟು ವರ್ಷ ಕರೆಯುವುದನ್ನು ಕಲಿತಿದ್ದನೇ ಹೊರತು, ಬಂದವರನ್ನು ಏನು ಮಾಡಬೇಕೆಂದು ಕಲಿತಿರಲಿಲ್ಲ. ಹುಡುಗ ರೊಟ್ಟಿ, ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ ಎಲ್ಲ ಮುಗಿಸಿ ಕೈಮುಗಿದು ಹೋದ. ಅಷ್ಟರಲ್ಲಿ ಅಕ್ಕನ ಒಲೆ ಆರಿತ್ತು. ಮಾಮಾಗೆ ಉಳಿದದ್ದು ಮಜ್ಜಿಗೆ ಅನ್ನ.

ನಾನು ನಗು ತಡೆದುಕೊಂಡು "ಮಾಮಾ, ಹಸಿವು ಹೋತಿಲ್ಲೋ?" ಅಂದೆ.

"ಅಳಿಯಾ, ಇಷ್ಟು ವರ್ಷದಾಗ ನನ್ನ ಮಾತು ಖರೇ ಅಂತ ತಿಳಕೊಂಡಾಂವ ಅವನೊಬ್ಬನ ನೋಡು" ಅಂದ. ಅವನ ಮುಖದಲ್ಲಿ ಬೇಸರದ ಸುಳಿವೂ ಇರಲಿಲ್ಲ. ಆಮೇಲೆ ಒಂದು ವಾರ ಬಾಗಿಲು ನೋಡುತ್ತಲೇ ಉಂಡ. ಹುಡುಗ ಮತ್ತೆ ಬರಲಿಲ್ಲ. ಯಾರೋ ಅವನಿಗೆ ನಮ್ಮ ಪದ್ಧತಿ ತಿಳಿಸಿ ಹೇಳಿರಬೇಕು, ಪಾಪ.

ಇಂಥವನನ್ನು ಒಮ್ಮೆ ಗಂಗಾವತಿಗೆ ಕರೆದುಕೊಂಡು ಹೋದ ತಪ್ಪು ನನ್ನದು. ಅಕ್ಕಿ ಗಿರಣಿಯೊಂದರಲ್ಲಿ ನನಗೆ ಸ್ವಲ್ಪ ಕೆಲಸವಿತ್ತು, ಮುಗಿಸಿಕೊಂಡು ದೊಡ್ಡ ಹೋಟೆಲೊಂದಕ್ಕೆ ಹೋದೆವು. ಅದರಲ್ಲಿ ಫ್ಯಾಮಿಲಿ ರೂಮಂತೆ, ಸಣ್ಣ ಸಣ್ಣ ಗೂಡು, ಒಂದೊಂದಕ್ಕೂ ಪರದೆ. ಸದ್ಯ, ಇಲ್ಲಿ ಯಾರೂ ಕಾಣುವುದಿಲ್ಲ, ನೆಮ್ಮದಿಯಿಂದ ಬಿಸಿ ಊಟ ಮಾಡಬಹುದು ಅಂತ ನನ್ನ ಲೆಕ್ಕ. ಮಾಮಾ ತಾಟು ನೋಡಿದ, ಗೋಡೆ ನೋಡಿದ, ಚಡಪಡಿಸಿದ. ಎದ್ದು ಹೋಗಿ ಪಕ್ಕದ ಪರದೆ ಎತ್ತಿಯೇಬಿಟ್ಟ! ಒಳಗೆ ಕಾಲೇಜಿನ ಒಂದು ಜೋಡಿ. ಹುಡುಗಿ ಮೆನು ಕಾರ್ಡಿನಿಂದ ಮುಖ ಮುಚ್ಚಿಕೊಂಡಳು. ಹುಡುಗ ಎದ್ದು ನಿಂತು ಕೈಮುಗಿದು "ಅಂಕಲ್, ನಮ್ಮಪ್ಪಗ ಮಾತ್ರ ಹೇಳಬ್ಯಾಡ್ರಿ" ಅಂದ.

ಮಾಮಾಗೆ ಬಹಳ ನೋವಾಯಿತು. "ಹಂಗ್ಯಾಕ ಅಂತೀಯೋ ತಮ್ಮಾ? ನಿನಗಷ್ಟ ಹೇಳಿ ನಿಮ್ಮಪ್ಪಗ ಬಿಡತೀನೇನು? ಎಲ್ಲಿ ಅದಾನ ಅಂವ? ಅವನೂ ಬರ್ಲಿ ಊಟಕ್ಕ!"

ಹೀಗೆ ಊರಿಗೆಲ್ಲ ಊಟಕ್ಕೆ ಹೇಳುವ ಈ ಮಹಾನುಭಾವ ಸ್ವಂತ ತಂಗಿಯ ಮನೆಯಲ್ಲಿ ಮೂರು ವರ್ಷದಿಂದ ಒಂದು ತುತ್ತು ಉಂಡಿಲ್ಲ ಅಂದರೆ ನಂಬುತ್ತೀರಾ? ಆ ತಂಗಿ ಅಂದರೆ ನಮ್ಮವ್ವ.

ಆದದ್ದು ಇಷ್ಟೇ. ಮೂರು ವರ್ಷದ ಹಿಂದೆ ಎಳ್ಳಮವಾಸ್ಯೆಗೆ ಎಲ್ಲರೂ ನಮ್ಮ ಹೊಲಕ್ಕೆ ಹೋಗಿದ್ದೆವು. ಭೂಮಿತಾಯಿಗೆ ನೈವೇದ್ಯದ ಚರಗ ಚೆಲ್ಲಿ ಆಯಿತು, ಬೇವಿನ ಮರದ ಕೆಳಗೆ ಸಜ್ಜೆ ರೊಟ್ಟಿ, ಪುಂಡಿಪಲ್ಯ ಬಿಚ್ಚಿ ಹರವಿದರು. ಅವ್ವ ಪಕ್ಕದ ಹೊಲದವರನ್ನು ಕರೆದಳು, ಆಳುಗಳನ್ನು ಕರೆದಳು, ದಾರಿಯಲ್ಲಿ ಹೋಗುತ್ತಿದ್ದ ಕುರಿ ಕಾಯುವವನನ್ನೂ ಕೂಗಿ ಕರೆದಳು. ಬದುವಿನ ಮೇಲೆ ಕುಳಿತಿದ್ದ ಅಣ್ಣನನ್ನು ಕರೆಯಲಿಲ್ಲ. ಬರುತ್ತಾನೆ ಅಂತ ಅವಳು, ಕರೆಯುತ್ತಾಳೆ ಅಂತ ಅವನು. ಕೈ ತೊಳೆದು ನೋಡಿದರೆ ಬದು ಖಾಲಿ. ಮಾಮಾ ಹಸಿದ ಹೊಟ್ಟೆಯಲ್ಲಿ ನಡೆದು ಹೋಗಿ ಬಸ್ಸು ಹತ್ತಿದ್ದ.

"ಕುರಿ ಕಾಯಾಂವನ್ನ ಕರದ್ಲು. ನನ್ನ ಕರೀಲಿಲ್ಲ" ಅಂತ ಅವನು. "ಬಂದು ಕುಂದ್ರಾಕ ಏನ್ ಧಾಡಿ ಆಗಿತ್ತು ಅವಗ?" ಅಂತ ಇವಳು. ಅಣ್ಣ ತಂಗಿ ಇಬ್ಬರೂ ಒಂದೇ ಕಲ್ಲಿನಲ್ಲಿ ಕಡೆದವರು! ನಡುವೆ ಸಿಕ್ಕಿಬಿದ್ದವನು ನಾನು. ಅವ್ವ ಹದಿನೈದು ದಿನಕ್ಕೊಮ್ಮೆ ಶೇಂಗಾ ಚಟ್ನಿ ಕುಟ್ಟಿ ನನ್ನ ಚೀಲದಲ್ಲಿ ಇಡುತ್ತಾಳೆ, "ನಾ ಕೊಟ್ಟೆ ಅಂತ ಹೇಳಬ್ಯಾಡ" ಅನ್ನುತ್ತಾಳೆ. ಮಾಮಾ ಒಂದು ಬೆರಳು ನೆಕ್ಕಿ "ಖಾರ ಹೆಚ್ಚಾಗೈತಿ" ಅನ್ನುತ್ತಾನೆ. ಮನೆಗೆ ಬಂದು ಹೇಳಿದರೆ "ಯಾರಂದ್ರು?" ಅಂತ ಅವ್ವ. "ಯಾರೋ" ಅಂತ ನಾನು. "ಬ್ಯಾಡಾದ್ರ ಬಿಡು ಅಂತ ಹೇಳು ಆ ಯಾರೋಗ!" ಮುಂದಿನ ಸಲ ಖಾರ ಕಡಿಮೆಯಾಗಿರುತ್ತದೆ. ನನಗೆ ಬುತ್ತಿ ಕಟ್ಟದೆ ಖಾನಾವಳಿಗೆ ಕಳಿಸುವುದೂ ಇದಕ್ಕೇ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಕೇಳುತ್ತಾಳೆ, "ಇವತ್ತ ಎಷ್ಟು ರೊಟ್ಟಿ ಉಂಡ?"

ಅವನಿಗೆ ಎಪ್ಪತ್ತು ದಾಟಿದೆ. ಅವ್ವನಿಗೂ ವಯಸ್ಸಾಯಿತು. ಹೀಗೆಯೇ ಒಬ್ಬರು ಹೋಗಿಬಿಟ್ಟರೆ ಇನ್ನೊಬ್ಬರು ಹೇಗೆ ತಡೆದುಕೊಂಡಾರು ಅಂತ ನನಗೆ ಒಳಗೊಳಗೇ ಹೆದರಿಕೆ.

ಹೋದ ತಿಂಗಳು ಅವ್ವನ ಕಣ್ಣು ತೋರಿಸಲು ಕೊಪ್ಪಳಕ್ಕೆ ಕರೆತಂದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ ಪರೀಕ್ಷೆ ಮಾಡಿ, ಮೂರು ತಾಸು ಎಲ್ಲ ಮಂಜು ಮಂಜಾಗಿ ಕಾಣುತ್ತದೆ, ಗಾಬರಿಯಾಗಬೇಡಿ ಅಂದರು. ಹೊರಗೆ ಬಂದಾಗ ಊಟದ ಹೊತ್ತು. ನನ್ನ ತಲೆಯಲ್ಲಿ ಒಂದು ಯೋಚನೆ ಹೊಳೆಯಿತು. ಮಾಮಾ ಖಾನಾವಳಿಯಲ್ಲಿ ಯಾರನ್ನೂ ಬಿಡುವವನಲ್ಲ. ಅವ್ವ ಅಲ್ಲಿ ಕುಳಿತಿದ್ದರೆ ಅವಳನ್ನೂ ಕರೆಯಲೇಬೇಕಲ್ಲ? ಕೈ ಹಿಡಿದು ನಡೆಸಿಕೊಂಡು ಹೋದೆ. "ಇದು ಆ ಖಾನಾವಳಿ ಅಲ್ಲಲಾ?" ಅಂದಳು. "ಅಲ್ಲವ್ವಾ, ಬ್ಯಾರೆ" ಅಂದೆ. ಕಣ್ಣು ಕಾಣದ ತಾಯಿಗೆ ಸುಳ್ಳು ಹೇಳಿದ ಪಾಪ ನನಗಿರಲಿ!

ಕುಳಿತೆವು. ತಾಟು ಬಂತು. ಅಷ್ಟರಲ್ಲಿ ಆ ಕೊನೆಯಿಂದ "ಬರ್ರಿ, ಊಟ ಮಾಡೂಣು" ಅಂತ ಕೇಳಿಸಿತು. ಅವ್ವ "ಬ್ಯಾರೆ ಅಂದಿ?" ಅಂತ ನನ್ನ ಕಡೆ ತಿರುಗಿದಳು. ನಾನು ತಾಟಿನಲ್ಲಿ ಉಪ್ಪು ಹುಡುಕುತ್ತಿದ್ದೆ.

ದನಿ ಒಂದೊಂದೇ ಟೇಬಲ್ ದಾಟಿ ಹತ್ತಿರ ಬಂತು. ನಮ್ಮ ಹಿಂದಿನ ಟೇಬಲ್ಲಿನವರು "ಮಾಡ್ರಿ, ನಮ್ಮದಾತು" ಅಂದರು. ಆಮೇಲೆ ಏನೂ ಇಲ್ಲ. ತಲೆಯೆತ್ತಿ ನೋಡಿದೆ. ಮಾಮಾ ನಮ್ಮ ಟೇಬಲ್ಲಿನ ಹತ್ತಿರ ಬಾಯಿ ತೆರೆದು ನಿಂತಿದ್ದ. ಅಕ್ಕ ರೊಟ್ಟಿ ಬುಟ್ಟಿ ಹಿಡಿದುಕೊಂಡು ನಿಂತಲ್ಲೇ ನಿಂತಳು.

ಅವ್ವ ತಲೆ ತಗ್ಗಿಸಿ, ಏನೂ ಆಗಿಲ್ಲವೆಂಬಂತೆ ಕೈ ಚಾಚಿದಳು. ರೊಟ್ಟಿಗೆಂದು ಹೋದ ಕೈ ಮೊಸರಿನ ಬಟ್ಟಲಿನೊಳಗೆ ಬಿತ್ತು.

"ಕಣ್ಣಿಗೇನಾಗೈತೋ ಆಕಿಗೆ?" ಮಾಮಾನ ದನಿ ಚೀರಿದಂತಿತ್ತು.

"ಹನಿ ಹಾಕ್ಯಾರ ಮಾಮಾ. ಮೂರು ತಾಸಿಗೆ ಸರಿಹೋಗತೈತಿ."

ಅವನು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವ್ವನ ಪಕ್ಕದಲ್ಲಿ ಕುಳಿತ. ತನ್ನ ಹೆಗಲ ಮೇಲಿನ ವಸ್ತ್ರದಿಂದ ಅವಳ ಕೈ ಒರೆಸಿದ. ರೊಟ್ಟಿಯನ್ನು ಸಣ್ಣ ಸಣ್ಣದಾಗಿ ಮುರಿದ, ಬದನೆಕಾಯಿಯ ತೊಟ್ಟು ತೆಗೆದು ಹಿಸುಕಿದ, ತುತ್ತು ಮಾಡಿ ಅವಳ ಬೆರಳುಗಳ ನಡುವೆ ಇಟ್ಟ. ನಮ್ಮಜ್ಜಿ ನಾಟಿ ಹಚ್ಚಲು ಗಂಗಾವತಿ ಕಡೆಯ ಗದ್ದೆಗಳಿಗೆ ಹೋಗುತ್ತಿದ್ದ ದಿನಗಳಲ್ಲಿ, ಹತ್ತು ವರ್ಷದ ಮಾಮಾನೇ ನಾಲ್ಕು ವರ್ಷದ ತಂಗಿಗೆ ಉಣಿಸುತ್ತಿದ್ದನಂತೆ. ಕೈಗೆ ಅದು ಮರೆತಿರಲಿಲ್ಲ. ಅವ್ವ ಎರಡು ತುತ್ತು ಉಂಡಳು. ಮೂರನೆಯದಕ್ಕೆ ಅವನ ಮಣಿಕಟ್ಟು ಹಿಡಿದುಕೊಂಡಳು.

"ಎಷ್ಟು ಸೊರಗಿಯೋ ಯಣ್ಣಾ... ನಿಂದು ಊಟಾತೇನು?"

ಮಾಮಾ ಇಲ್ಲವೆಂದು ತಲೆಯಾಡಿಸಿದ. ಅವಳಿಗೆ ಅದು ಕಾಣಬೇಕಲ್ಲ! "ಇಲ್ಲವ್ವಾ, ಅವನ ತಾಟು ಅಲ್ಲೇ ಐತಿ" ಅಂದೆ ನಾನು.

ಅವ್ವ ತನ್ನ ತಾಟನ್ನು ತಡವರಿಸಿ ಅವನ ಕಡೆ ಸರಿಸಿದಳು. "ಬಾ ಯಣ್ಣಾ, ಊಟ ಮಾಡೂಣು."

ಮಾಮಾ ಕೈ ಹಾಕಲಿಲ್ಲ. ಮೊಸರು ಒರೆಸಿದ ಅದೇ ವಸ್ತ್ರದಿಂದ ಕಣ್ಣೊರೆಸಿಕೊಂಡ. ನಾನು ಮುಖ ಬೇರೆ ಕಡೆ ತಿರುಗಿಸಿದೆ. ಅವನ ದನಿ ಕೇಳಿಸಿತು.

"ತಂಗೀ, ಇನ್ನೊಮ್ಮೆ ಕರಿಯವಾ."

ಅವ್ವ ಇನ್ನೊಮ್ಮೆ ಕರೆದಳು.